ಹೊರೆ ಹೊತ್ತ ಕೈಯೂ ಅಡಿಕೆ ಸುಲಿಯುವ ಕೈಯೂ: ಫಿಟ್‌ನೆಸ್ ವಾಚಿನ ಲೆಕ್ಕವನ್ನು ಸರಿಪಡಿಸಿಕೊಳ್ಳುವ ಬಗೆ

ಅಡಿಕೆ ಕೊಯ್ಲಿನ ದಿನಗಳಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಜಗಲಿಯಲ್ಲಿ ಸಂಜೆಯಿಂದ ರಾತ್ರಿಯವರೆಗೂ ಸುಲಿತ ನಡೆಯುತ್ತದೆ. ಕಳೆದ ವರ್ಷ ಮೆಟ್ಟುಗತ್ತಿಯ ಮುಂದೆ ಕುಳಿತಿದ್ದ ಅತ್ತಿಗೆಯ ಕೈಯಲ್ಲಿ, ಮಗ ಬೆಂಗಳೂರಿನಿಂದ ತಂದುಕೊಟ್ಟ ಫಿಟ್‌ನೆಸ್ ವಾಚ್ ಇತ್ತು. ಕುಳಿತ ಜಾಗದಿಂದ ಏಳದಿದ್ದರೂ ಅದರಲ್ಲಿ ಸಾವಿರಕ್ಕೂ ಮೇಲ್ಪಟ್ಟು ಹೆಜ್ಜೆಗಳು ಏರಿದ್ದವು. ಮಾರನೆಯ ಬೆಳಿಗ್ಗೆ ಅವರು ಸೊಪ್ಪಿನ ಬೆಟ್ಟ ಹತ್ತಿ ಮೂರು ಸಲ ಹೊರೆ ಹೊತ್ತು ಬಂದರು. ಏದುಸಿರು ಬಂದು ಕುಪ್ಪಸ ಬೆವರಿನಲ್ಲಿ ತೊಯ್ದಿದ್ದರೂ ವಾಚು ಒಂದು ನಿಮಿಷದ ವ್ಯಾಯಾಮವನ್ನೂ ಬರೆದುಕೊಂಡಿರಲಿಲ್ಲ. "ಇದು ಕೆಟ್ಟುಹೋಗಿದೆ ಅಂತ ಕಾಣ್ತದೆ, ವಾಪಸ್ ಕಳಿಸು ಮಾರಾಯ" ಎಂದರು. ವಾಚು ಕೆಟ್ಟಿರಲಿಲ್ಲ. ಅದು ಯಾವುದನ್ನು ನೋಡಿ ತೀರ್ಮಾನಕ್ಕೆ ಬರುತ್ತದೆ ಎಂಬುದನ್ನು ತಿಳಿದುಕೊಂಡ ಮೇಲೆ ಎರಡು ತಪ್ಪುಗಳನ್ನೂ ಬಹುಮಟ್ಟಿಗೆ ಸರಿಪಡಿಸಲು ಸಾಧ್ಯವಾಯಿತು.

ವಾಚಿನೊಳಗೆ ಅಕ್ಸೆಲೆರೊಮೀಟರ್ ಎಂಬ ಸಂವೇದಕವಿರುತ್ತದೆ. ಸಿಲಿಕಾನ್‌ನಲ್ಲಿ ಕೊರೆದ ಅತಿಸೂಕ್ಷ್ಮ ಸ್ಪ್ರಿಂಗುಗಳಿಗೆ ತಗುಲಿದ ಒಂದು ಚೂರು ತೂಕವು ಕೈ ಅಲುಗಿದಂತೆ ತಾನೂ ಸರಿಯುತ್ತದೆ, ಆ ಸರಿದಾಟವನ್ನು ಮೂರು ದಿಕ್ಕುಗಳಲ್ಲಿ ಸೆಕೆಂಡಿಗೆ ಹತ್ತಾರು ಸಲ ಅಳೆಯಲಾಗುತ್ತದೆ. ಸಾಮಾನ್ಯ ನಡಿಗೆಯಲ್ಲಿ ನಾವು ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತೇವೆ. ಪ್ರತಿ ಹೆಜ್ಜೆಯ ಪೆಟ್ಟು ಮಣಿಕಟ್ಟಿನವರೆಗೂ ಬರುತ್ತದೆ, ಎರಡು ಹೆಜ್ಜೆಗೊಮ್ಮೆ ಕೈಬೀಸು ಒಂದು ಸುತ್ತು ಮುಗಿಸುತ್ತದೆ. ವಾಚು ಮೊದಲು ಹುಡುಕುವುದು ಈ ಲಯವನ್ನೇ. ಒಲೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಕೊಟ್ಟಿಗೆಗೆ ನಾಲ್ಕು ಹೆಜ್ಜೆ ಇಟ್ಟು ನಿಂತರೆ ಲಯ ಕೂಡಿಬರುವ ಮೊದಲೇ ಮುರಿದಿರುತ್ತದೆ, ಆದ್ದರಿಂದ ಅಂಥ ಹೆಜ್ಜೆಗಳು ಎಷ್ಟೋ ಸಲ ಲೆಕ್ಕಕ್ಕೇ ಸೇರುವುದಿಲ್ಲ. ಮೆಟ್ಟುಗತ್ತಿಯ ಮುಂದೆ ಒಂದೇ ಹದದಲ್ಲಿ ಆಡುವ ಕೈಯಲ್ಲಿ ಲಯವುಂಟು, ಹೆಜ್ಜೆಯಿಲ್ಲ. ಅತ್ತಿಗೆಯ ಸಾವಿರ ಹೆಜ್ಜೆಗಳು ಬಂದದ್ದು ಅಲ್ಲಿಂದ.

ಲಯ ಸಿಕ್ಕಿತೆಂದ ಮಾತ್ರಕ್ಕೆ ವ್ಯಾಯಾಮವಾಗುವುದಿಲ್ಲ, ಅದರ ತೀವ್ರತೆಯನ್ನೂ ನೋಡಬೇಕು. ಇದಕ್ಕೆ ಮೆಟ್ ಎಂಬ ಅಳತೆಯಿದೆ. ಸುಮ್ಮನೆ ಕುಳಿತಾಗ ದೇಹ ಖರ್ಚು ಮಾಡುವ ಶಕ್ತಿ 1 ಮೆಟ್, 3ರಿಂದ 6ರವರೆಗೆ ಮಧ್ಯಮ ಶ್ರಮ, 6 ದಾಟಿದರೆ ತೀವ್ರ ಶ್ರಮ. ಗಂಟೆಗೆ 5 ಕಿಲೋಮೀಟರ್ ವೇಗದ ನಡಿಗೆ 3ಕ್ಕಿಂತ ತುಸು ಮೇಲಿರುತ್ತದೆ, ನಿಮಿಷಕ್ಕೆ 100 ಹೆಜ್ಜೆ ಎಂಬ ರೂಢಿಯ ಗಡಿಯೂ ಹೆಚ್ಚುಕಡಿಮೆ ಇದೇ ಮಟ್ಟದ್ದು. ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ಬೆಳಿಗ್ಗೆ ಕೈ ಬೀಸಿ ಸುತ್ತು ಹಾಕುವವರಿಗೆ ಈ ಗಡಿ ಸರಿಯಾಗಿಯೇ ಹೊಂದುತ್ತದೆ. ಆದರೆ ಬೆಟ್ಟದ ಏರಿನಲ್ಲಿ ಹೆಜ್ಜೆ ನಿಧಾನವಾಗುತ್ತದೆ, ಶ್ರಮ ಹೆಚ್ಚಾಗುತ್ತದೆ. ಕೊಡಚಾದ್ರಿಯ 1,343 ಮೀಟರ್ ಎತ್ತರದ ಶಿಖರದತ್ತ ಏರುವವರು ನಿಮಿಷಕ್ಕೆ 60 ಹೆಜ್ಜೆ ಇಡುತ್ತಿರಬಹುದು, ಹೆಜ್ಜೆಯನ್ನಷ್ಟೇ ಎಣಿಸುವ ಅಗ್ಗದ ಬ್ಯಾಂಡಿಗೆ ಅದು ಅಂಗಳದ ಅಡ್ಡಾಟದಂತೆಯೇ ತೋರುತ್ತದೆ. ಮಲೆನಾಡಿನವರು ವಾಚು ಕೊಳ್ಳುವುದಾದರೆ ಹೃದಯಬಡಿತ ಅಳೆಯುವ ವಾಚನ್ನೇ ಕೊಳ್ಳಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.

ಬಡಿತವನ್ನು ಅಳೆಯುವುದು ವಾಚಿನ ಬೆನ್ನಿನಲ್ಲಿ ಮಿನುಗುವ ಹಸಿರು ಬೆಳಕು. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ಚರ್ಮದ ಕೆಳಗಿನ ರಕ್ತ ಹೆಚ್ಚಿ ತಗ್ಗುವುದರಿಂದ ಮರಳಿ ಬರುವ ಬೆಳಕೂ ಏರಿಳಿಯುತ್ತದೆ. ಪಟ್ಟಿ ಸಡಿಲವಾಗಿದ್ದರೆ ಹೊರಗಿನ ಬೆಳಕು ಒಳನುಗ್ಗುತ್ತದೆ, ವಾಚು ಚರ್ಮದ ಮೇಲೆ ಕುಣಿಯುತ್ತದೆ. ಕೆಲವೊಮ್ಮೆ ಹೆಜ್ಜೆಯ ಲಯವನ್ನೇ ಬಡಿತವೆಂದು ತಪ್ಪಾಗಿ ಓದುವುದೂ ಉಂಟು. ಅತ್ತಿಗೆ ವಾಚನ್ನು ಬಳೆಯಂತೆ ಸಡಿಲವಾಗಿ ಕಟ್ಟಿದ್ದರು, ಮೇಲಾಗಿ ಆ ಕೈ ಹೊರೆಯನ್ನು ಹಿಡಿದು ತಲೆಯ ಬಳಿ ಅಲುಗದೆ ನಿಂತಿತ್ತು. ಹೀಗಾಗಿ ವಾಚಿಗೆ ಕೈಬೀಸಿನ ಲಯವೂ ಸಿಗಲಿಲ್ಲ, ನಂಬುವಂಥ ಬಡಿತವೂ ಸಿಗಲಿಲ್ಲ.

ಇನ್ನು ಮಾಡಬೇಕಾದದ್ದನ್ನು ಹೇಳುತ್ತೇನೆ. ಮೊದಲು ಆ್ಯಪಿನಲ್ಲಿ ವಯಸ್ಸು, ಎತ್ತರ, ತೂಕಗಳನ್ನು ನಿಜವಾಗಿ ತುಂಬಬೇಕು. 220ರಿಂದ ವಯಸ್ಸನ್ನು ಕಳೆದರೆ ಬರುವುದು ಗರಿಷ್ಠ ಬಡಿತದ ಅಂದಾಜು. 50 ವರ್ಷದವರಿಗೆ ಅದು 170, ಅದರ ಶೇಕಡಾ 64ರಿಂದ 76, ಅಂದರೆ ಸುಮಾರು 109ರಿಂದ 129ರವರೆಗಿನ ಬಡಿತ ಮಧ್ಯಮ ಶ್ರಮವೆನಿಸುತ್ತದೆ. ವಯಸ್ಸು ತಪ್ಪಾಗಿದ್ದರೆ ಈ ಗಡಿಗಳೆಲ್ಲವೂ ತಪ್ಪುತ್ತವೆ. ಮಗನ ಹೆಸರಿನ ಖಾತೆಯಲ್ಲೇ ತಾಯಿಯ ವಾಚು ನಡೆಯುತ್ತಿರುವ ಮನೆಗಳು ಬೇಕಾದಷ್ಟಿವೆ. ಅಂಥವರು ಬೇರೆ ಖಾತೆ ತೆರೆಯುವುದೇ ಒಳ್ಳೆಯದು. ಆಮೇಲೆ ವಾಚನ್ನು ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲೆ, ಚರ್ಮಕ್ಕೆ ಒತ್ತುವಂತೆ, ಆದರೆ ರಕ್ತ ಕಟ್ಟದಂತೆ ಬಿಗಿಯಬೇಕು. ಮಳೆಗಾಲದ ಚಳಿಗೆ ಕೈ ತಣ್ಣಗಾದಾಗ ಚರ್ಮದ ರಕ್ತನಾಳಗಳು ಕುಗ್ಗಿ ಓದು ಮಸುಕಾಗುತ್ತದೆ, ಕೆಲಸಕ್ಕಿಳಿಯುವ ಮೊದಲು ಕೈಯುಜ್ಜಿ ಬೆಚ್ಚಗೆ ಮಾಡಿಕೊಂಡರೆ ಅಷ್ಟರಮಟ್ಟಿಗೆ ಸುಧಾರಿಸುತ್ತದೆ. ಹೊರೆಯನ್ನು ಒಂದೇ ಕೈಯಲ್ಲಿ ಹಿಡಿಯುವ ಅಭ್ಯಾಸವಿದ್ದರೆ ವಾಚು ಬೀಸುವ ಕೈಯಲ್ಲಿರಲಿ.

ಸ್ವಯಂಚಾಲಿತ ಗುರುತಿಸುವಿಕೆಯನ್ನು ತೋಟದ ಕೆಲಸಕ್ಕೆ ನಂಬಿ ಕೂರಬಾರದು. ವಾಚುಗಳು ತಾವಾಗಿ ಗುರುತಿಸುವುದು ಹೆಚ್ಚಾಗಿ ನಡಿಗೆ, ಓಟ, ಸೈಕಲ್, ಈಜು, ಜಿಮ್ಮಿನ ಕೆಲವು ಯಂತ್ರಗಳು ಇಷ್ಟನ್ನೇ. ಜನರು ಇವನ್ನು ಮಾಡುವಾಗ ದಾಖಲಾದ ಚಲನೆಯ ಮಾದರಿಗಳನ್ನು ಕಲಿತ ಗಣಿತ ಅವುಗಳಲ್ಲಿರುತ್ತದೆ. ಸೊಪ್ಪು ಹೊರುವುದಿರಲಿ, ಗದ್ದೆಯ ಅಂಚು ಕಡಿಯುವುದಿರಲಿ, ಪಟ್ಟಿಯಲ್ಲಿ ಸಿಗುವುದಿಲ್ಲ. ಆದ್ದರಿಂದ ಹೊರಡುವಾಗಲೇ ವರ್ಕೌಟ್ ಪಟ್ಟಿಯಲ್ಲಿ 'ಅದರ್' ಎಂಬುದನ್ನು ಒತ್ತಿ ಶುರುಮಾಡಿ, ಮುಗಿದ ಮೇಲೆ ನಿಲ್ಲಿಸಬೇಕು. ಆಗ ವಾಚು ಬಡಿತವನ್ನು ಬಿಡದೆ ಅಳೆಯುತ್ತಾ ಹೋಗುತ್ತದೆ. ಆ್ಯಪಲ್ ವಾಚಿನಲ್ಲಿ ಈ ಆಯ್ಕೆಗೆ ಒಂದು ವಿಶೇಷವಿದೆ: ಬಡಿತ ಓದಲು ಆಗದ ಹೊತ್ತಿನಲ್ಲಿ ಅದು ಬಿರುಸು ನಡಿಗೆಯ ಲೆಕ್ಕವನ್ನು ಕೊಡುತ್ತದೆ. ಆದ್ದರಿಂದ ಕೆಲಸ ನಿಲ್ಲಿಸಿ ಕಾಫಿಗೆ ಕುಳಿತಾಗ ವಿರಾಮದ ಗುಂಡಿಯನ್ನು ಒತ್ತಲು ಮರೆಯಬಾರದು.

ಸುಲಿತಕ್ಕೆ ಕೂರುವಾಗ ವಾಚನ್ನು ಬಿಚ್ಚಿಡುವುದೇ ಸುಲಭದ ದಾರಿ. ಕಳೆ ಕೊಚ್ಚುವ ಯಂತ್ರ ಹಿಡಿದಾಗ ಅದರ ಕಂಪನ ಮಣಿಕಟ್ಟಿಗೆ ಬರುವುದರಿಂದ ಹೆಜ್ಜೆಯ ಸಂಖ್ಯೆಯನ್ನು ಕಡೆಗಣಿಸಿ ಬಡಿತವನ್ನಷ್ಟೇ ನೋಡಬೇಕು. ಮಹಡಿ ಎಣಿಸುವ ವಾಚುಗಳು ಗಾಳಿಯ ಒತ್ತಡವನ್ನು ಅಳೆಯುತ್ತವೆ. ಸುಮಾರು 3 ಮೀಟರ್ ಏರಿದಾಗ ಆಗುವ ಸಣ್ಣ ಇಳಿತ ಅವುಗಳ ಪಾಲಿಗೆ ಒಂದು ಮಹಡಿ. ಆಗುಂಬೆಯಂಥಲ್ಲಿ ಮಳೆಗಾಳಿ ಬೀಸುವಾಗ ವಾತಾವರಣದ ಒತ್ತಡವೇ ಬದಲಾಗುವುದರಿಂದ, ಜಡಿಮಳೆಯ ದಿನ ಹತ್ತದ ಮೆಟ್ಟಿಲುಗಳು ಲೆಕ್ಕಕ್ಕೆ ಬಂದರೆ ಅಚ್ಚರಿಪಡಬೇಕಿಲ್ಲ.

ಬಹಳ ಜನ ಗೊಂದಲಕ್ಕೆ ಬೀಳುವ ಇನ್ನೊಂದು ಸಂಗತಿಯಿದೆ. ಪಟ್ಟಿಯಲ್ಲಿ 'ನಡಿಗೆ' ಎಂಬ ಹೆಸರಿನ ದಾಖಲೆ ಮೂಡದಿದ್ದರೆ ಆ ಶ್ರಮವೆಲ್ಲ ವ್ಯರ್ಥವಾಯಿತೆಂದು ಅವರು ಭಾವಿಸುತ್ತಾರೆ. ಫಿಟ್‌ಬಿಟ್‌ನಲ್ಲಿ ಹೆಸರಿನ ದಾಖಲೆ ಮೂಡಲು ಸಾಮಾನ್ಯವಾಗಿ 15 ನಿಮಿಷಗಳ ಎಡೆಬಿಡದ ಚಲನೆ ಬೇಕು, ಆದರೆ ಬಡಿತ ಏರಿದ ನಿಮಿಷಗಳು ಬೇರೆಯೇ ಖಾನೆಯಲ್ಲಿ ಸೇರುತ್ತಿರುತ್ತವೆ, ತೀವ್ರ ಶ್ರಮದ ಒಂದು ನಿಮಿಷಕ್ಕೆ ಅಲ್ಲಿ ಎರಡರ ಲೆಕ್ಕ. ನೋಡಬೇಕಾದದ್ದು ಆ ಖಾನೆಯನ್ನು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಕೇಳುತ್ತದೆ, ಒಮ್ಮೆಗೆ ಕನಿಷ್ಠ 10 ನಿಮಿಷ ಇರಲೇಬೇಕೆಂಬ ಹಳೆಯ ಷರತ್ತನ್ನು ಅದು ಕೈಬಿಟ್ಟಿದೆ. ಬಾವಿಯಿಂದ ನೀರು ಸೇದಿ ಹೊತ್ತು ತಂದ ಐದು ನಿಮಿಷವೂ ಅದರಲ್ಲಿ ಸಲ್ಲುತ್ತದೆ.

ಇಷ್ಟಾದ ಮೇಲೆ ವಾರಕ್ಕೊಮ್ಮೆ ಕೈಯಾರೆ ತಾಳೆ ನೋಡಬೇಕು. ಏರು ಹತ್ತಿ ನಿಂತ ಕೂಡಲೇ ನಾಡಿ ಹಿಡಿದು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಬರುವ ಸಂಖ್ಯೆ, ವಾಚು ತೋರಿಸುವುದಕ್ಕೆ ಹತ್ತಿರವಿರಬೇಕು. ಬಹಳ ದೂರವಿದ್ದರೆ ಪಟ್ಟಿಯನ್ನು ಮತ್ತೆ ಬಿಗಿದು ನೋಡಬೇಕು. ರಕ್ತದೊತ್ತಡಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಆ ಔಷಧಗಳು ಬಡಿತವನ್ನೇ ತಗ್ಗಿಸಿಡುವುದರಿಂದ, ಎಷ್ಟೇ ದುಡಿದರೂ ವಾಚಿನ ಗಡಿ ದಾಟದಿರಬಹುದು. ಆ ಗಡಿಯನ್ನು ಮುಟ್ಟಲೆಂದು ಇನ್ನಷ್ಟು ದುಡಿಯುವುದು ಅಪಾಯ. ಅಂಥವರು ತಮಗೆ ತಕ್ಕ ಮಿತಿಯನ್ನು ವೈದ್ಯರಿಂದ ಕೇಳಿಕೊಳ್ಳಬೇಕು. ಅಲ್ಲಿಯವರೆಗೆ ಜೊತೆಯಲ್ಲಿ ಬರುವವರೊಡನೆ ಮಾತನಾಡುತ್ತಾ ನಡೆಯಲಿ: ಮಾತು ಸಲೀಸಾಗಿ ಬಂದು, ಹಾಡಲು ಮಾತ್ರ ಉಸಿರು ಸಾಲದಿದ್ದರೆ ಅದು ಮಧ್ಯಮ ಶ್ರಮ, ಮಾತೇ ತುಂಡಾಗತೊಡಗಿದರೆ ಹೊರೆ ಇಳಿಸಿ ಕೂರುವ ಹೊತ್ತು.