ನಿಂತುಹೋದ ಲಾರ್ಜ್ ಫಾರ್ಮ್ಯಾಟ್ ಲೆನ್ಸಿನ ವಿವರ ಹುಡುಕುವುದು: ನನ್ನ ಅನುಭವ

ಹಾಳೆಯಂಥ ದೊಡ್ಡ ಫಿಲ್ಮ್ ಹಾಕುವ ಕ್ಯಾಮೆರಾದ, ಅಂದರೆ ಲಾರ್ಜ್ ಫಾರ್ಮ್ಯಾಟ್‌ನ, ಹಳೆ ಲೆನ್ಸ್ ಕೈಗೆ ಬಂದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ, "ಇದು 4×5 ಇಂಚಿನ ಫಿಲ್ಮ್ ಕವರ್ ಮಾಡುತ್ತಾ?" ಉತ್ತರ ಲೆನ್ಸಿನ ಮೇಲೆ ಬರೆದಿರುವುದಿಲ್ಲ. ಕಂಪನಿ ಹೆಸರು, ಫೋಕಲ್ ಲೆಂತ್, ಅಪರ್ಚರ್, ಸೀರಿಯಲ್ ನಂಬರ್, ಅಷ್ಟೇ. 35 ಎಂ.ಎಂ. ಕ್ಯಾಮೆರಾದವರಿಗೆ ಈ ತಲೆನೋವಿಲ್ಲ, ಮೌಂಟ್ ಕೂತರೆ ಫ್ರೇಮ್ ತುಂಬುತ್ತದೆ. ನಮಗೆ ಹಾಗಲ್ಲ. ಇಮೇಜ್ ಸರ್ಕಲ್ (ಲೆನ್ಸ್ ಫಿಲ್ಮಿನ ಮೇಲೆ ಬೀಳಿಸುವ ಚಿತ್ರದ ವೃತ್ತ) ಎಷ್ಟು, ಬೆಲ್ಲೋಸ್ (ಲೆನ್ಸ್ ಮತ್ತು ಫಿಲ್ಮಿನ ನಡುವಿನ ಮಡಿಕೆ ಚೀಲ) ಎಷ್ಟು ಎಳೆಯಬೇಕು, ಲೆನ್ಸ್ ಕೂರಿಸುವ ಹಲಗೆಗೆ, ಅಂದರೆ ಲೆನ್ಸ್ ಬೋರ್ಡಿಗೆ, ಎಷ್ಟು ಅಗಲದ ತೂತು, ಯಾವ ಶಟರಿಗೆ ಕೂರುತ್ತದೆ, ಇದೆಲ್ಲ ಕಂಪನಿಯ ಕೈಪಿಡಿಯಲ್ಲಿ ಇರುತ್ತಿತ್ತು. ಕೈಪಿಡಿ ಯಾರೂ ಇಟ್ಟುಕೊಂಡಿಲ್ಲ. ನಿಕಾನ್ 2006ರಲ್ಲೇ ಲಾರ್ಜ್ ಫಾರ್ಮ್ಯಾಟ್ ಲೆನ್ಸ್ ಮಾಡುವುದನ್ನು ನಿಲ್ಲಿಸುವುದಾಗಿ ಹೇಳಿತು, ಫ್ಯೂಜಿಯೂ ಆಮೇಲೆ ನಿಲ್ಲಿಸಿತು.

ನನ್ನ ಕೈಗೆ ಬಂದದ್ದು ಬೆಂಗಳೂರಿನ ಒಂದು ಹಳೆ ಪ್ರೆಸ್ಸಿನ ಪ್ರೋಸೆಸ್ ಕ್ಯಾಮೆರಾದಿಂದ ಬಿಚ್ಚಿದ ಲೆನ್ಸ್. ಆಫ್‌ಸೆಟ್ ಮುದ್ರಣಕ್ಕೆ ನೆಗೆಟಿವ್ ಮಾಡುತ್ತಿದ್ದ ಕಾಲದಲ್ಲಿ ಇಂಥ ಕ್ಯಾಮೆರಾ ದೊಡ್ಡ ಪ್ರೆಸ್ಸುಗಳಲ್ಲಿ ಇರುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಕ್ಯಾಮೆರಾ ಗುಜರಿಗೆ, ಲೆನ್ಸ್ ಕಪಾಟಿಗೆ. "ಪ್ರೊಜೆಕ್ಟರ್ ಲೆನ್ಸ್ ಇರಬೇಕು ಸಾರ್, ಭಾರ ನೋಡಿ ಎಷ್ಟಿದೆ" ಅಂದರು ಕೊಟ್ಟವರು. ಅಂಚಿನ ಉಂಗುರದಲ್ಲಿ ಜಿ-ಕ್ಲಾರಾನ್, 1:9, 240, ಷ್ನೈಡರ್-ಕ್ರೊಯಿಟ್ಸ್‌ನಾಖ್ ಅಂತ ಇತ್ತು, ಅಂದರೆ ಜರ್ಮನಿಯ ಷ್ನೈಡರ್ ಕಂಪನಿಯ ಎಫ್ 9 ಅಪರ್ಚರ್‌ನ 240 ಮಿ.ಮೀ. ಲೆನ್ಸ್. ಶಟರ್ ಇಲ್ಲ. ಬರೀ ಕಪ್ಪು ಬ್ಯಾರಲ್, ಅಂದರೆ ಗಾಜು ಕೂರಿಸಿದ ಕೊಳವೆ.

ಹುಡುಕಾಟ ಶುರುವಾಗುವುದು ಆ ಉಂಗುರದಿಂದಲೇ. ಅಕ್ಷರ ಒಂದೂ ಬಿಡದೆ ಬರೆದುಕೊಳ್ಳಿ, ಫೋಟೋ ಕೂಡ ತೆಗೆದುಕೊಳ್ಳಿ. ಹೆಸರಿನ ಕೊನೆಗೆ ಇರುವ ಒಂದು ಎಸ್ ಅಥವಾ ಎಲ್ ಲೆಕ್ಕಕ್ಕಿಲ್ಲ ಅನ್ನಿಸಬಹುದು, ಆದರೆ ಅಲ್ಲೇ ಎಲ್ಲ ಇರುವುದು. ಷ್ನೈಡರ್‌ನ 150 ಮಿ.ಮೀ. ತೆಗೆದುಕೊಳ್ಳಿ. ಸಿಮ್ಮಾರ್-ಎಸ್ ಆದರೆ ಇಮೇಜ್ ಸರ್ಕಲ್ 210 ಮಿ.ಮೀ., ಅಪೋ-ಸಿಮ್ಮಾರ್ ಆದರೆ 220, ಅಪೋ-ಸಿಮ್ಮಾರ್ ಎಲ್ ಆದರೆ 233. ಇನ್ನೂ ಹಳೆಯದು ಬರೀ ಸಿಮ್ಮಾರ್. ಅದರ ಮೇಲೆ 5.6/150 ಜೊತೆಗೆ 12/265 ಅಂತಲೂ ಬರೆದಿರುತ್ತದೆ, ಯಾಕೆಂದರೆ ಮುಂದಿನ ಭಾಗ ಬಿಚ್ಚಿ ಹಿಂದಿನದ್ದನ್ನು ಮಾತ್ರ 265 ಮಿ.ಮೀ. ಆಗಿ ಬಳಸಬಹುದು. ಶಟರಿನ ಮೇಲೆ ಎರಡು ಬಣ್ಣದಲ್ಲಿ ಎರಡು ಅಪರ್ಚರ್ ಸ್ಕೇಲ್ ಕಂಡರೆ ಅದೇ ಅಂತ ತಿಳಿಯಿರಿ.

ಫ್ಯೂಜಿಯ ಫ್ಯೂಜಿನಾನ್ 250 ಇನ್ನೂ ವಿಚಿತ್ರ. ಹಳೆಯದು ಎಫ್ 6.7, ಅದರ ಸರ್ಕಲ್ 398 ಮಿ.ಮೀ., ಅಂದರೆ 8×10ಕ್ಕೆ ಧಾರಾಳ. ಆಮೇಲೆ ಬಂದ ಎಫ್ 6.3ರ ಕೋಟಿಂಗ್ (ಗಾಜಿನ ಪ್ರತಿಫಲನ ತಗ್ಗಿಸುವ ಲೇಪ) ಚೆನ್ನಾಗಿದೆ, ಸರ್ಕಲ್ ಮಾತ್ರ ಸಾಕಷ್ಟು ಚಿಕ್ಕದು, 8×10ಕ್ಕೆ ಹೇಗೋ ಮುಟ್ಟುತ್ತದೆ. ಹೊಸದು ಅಂದರೆ ಎಲ್ಲದರಲ್ಲೂ ಜಾಸ್ತಿ ಅಂದುಕೊಂಡವರಿಗೆ ಇದು ನಂಬಲಿಕ್ಕೇ ಆಗುವುದಿಲ್ಲ.

ಕೆಲವು ಹೆಸರಿನ ಕೈಪಿಡಿ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಯಾಕೆಂದರೆ ಆ ಹೆಸರಿನವರು ಲೆನ್ಸ್ ಮಾಡಿದವರೇ ಅಲ್ಲ. ಸಿನಾರ್ ಕಂಪನಿಯ ಸಿನಾರಾನ್ ಮಾಡಿಕೊಟ್ಟವರು ರೋಡೆನ್‌ಸ್ಟಾಕ್. ಕ್ಯಾಲ್ಯುಮೆಟ್ ಮಾರುತ್ತಿದ್ದ ಕಾಲ್ಟಾರ್ II-ಎನ್ ಅಂದರೆ ರೋಡೆನ್‌ಸ್ಟಾಕ್‌ನ ಸಿರೊನಾರ್-ಎನ್, ಕಾಲ್ಟಾರ್-ಎಸ್ II ಅಂದರೆ ಷ್ನೈಡರ್‌ನ ಸಿಮ್ಮಾರ್-ಎಸ್. ಲಿನ್‌ಹಾಫ್ ಅಂತ ಕೆತ್ತಿರುವ ಷ್ನೈಡರ್ ಲೆನ್ಸಿಗೂ ಅಷ್ಟೇ, ಆರಿಸಿ ತೆಗೆದ ಪ್ರತಿ ಇರಬಹುದು, ಅಳತೆ ಬೇರೆ ಅಲ್ಲ. ಮೂಲ ಹೆಸರು ಗೊತ್ತಾದ ಕೂಡಲೇ ಅರ್ಧ ಕೆಲಸ ಮುಗಿಯಿತು.

ಕೊಡಾಕ್‌ನವರು ಒಂದು ಮಜಾ ಬಿಟ್ಟು ಹೋಗಿದ್ದಾರೆ. ಎಕ್ಟಾರ್ ಲೆನ್ಸುಗಳ ಸೀರಿಯಲ್ ನಂಬರಿನ ಮುಂದೆ ಎರಡು ಅಕ್ಷರ ಇರುತ್ತದೆ. ಅದನ್ನು ಓದುವ ಕೀಲಿ ಕ್ಯಾಮೆರೋಸಿಟಿ (CAMEROSITY) ಅನ್ನುವ ಪದ: ಸಿ ಅಂದರೆ 1, ಎ 2, ಎಂ 3, ಇ 4, ಆರ್ 5, ಓ 6, ಎಸ್ 7, ಐ 8, ಟಿ 9, ವೈ 0. ಹಾಗಾಗಿ ಇಎಸ್ ಅಂದರೆ 1947, ಆರ್‌ಸಿ ಅಂದರೆ 1951. ವೃತ್ತದೊಳಗೆ ಎಲ್ ಇದ್ದರೆ ಕೋಟಿಂಗ್ ಇದೆ ಅಂತ. ವರ್ಷ ಗೊತ್ತಾದರೆ ಯಾವ ವರ್ಷದ ಕ್ಯಾಟಲಾಗ್ ಹುಡುಕಬೇಕು ಅನ್ನುವುದು ಗೊತ್ತಾಯಿತು, ಅಲ್ವಾ. ಷ್ನೈಡರ್‌ಗೂ ಸೀರಿಯಲ್ ನಂಬರಿಂದ ವರ್ಷ ತಿಳಿಯುವ ಪಟ್ಟಿ ಇದೆ.

ಇನ್ನು ಕ್ಯಾಟಲಾಗ್. ಹಳೆ ಕ್ಯಾಟಲಾಗುಗಳನ್ನು ಸ್ಕ್ಯಾನ್ ಮಾಡಿ ಇಟ್ಟ ಪುಣ್ಯಾತ್ಮರು ಇದ್ದಾರೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆ ಫೋಟೋಗ್ರಫಿ ವಾರ್ಷಿಕಗಳೂ ಪತ್ರಿಕೆಗಳೂ ಇವೆ, ಅವುಗಳ ಜಾಹೀರಾತು ಪುಟಗಳೇ ನಮಗೆ ಬೇಕಾದ್ದು. ಜರ್ಮನ್ ಲೆನ್ಸ್ ಆದರೆ ಜರ್ಮನ್ ಪದ ಹಾಕಿ ಹುಡುಕಿ. ಇಮೇಜ್ ಸರ್ಕಲ್‌ಗೆ ಅವರು ಬಿಲ್ಡ್‌ಕ್ರೈಸ್ ಅಂತಾರೆ, ಇಂಗ್ಲಿಷ್‌ನಲ್ಲಿ ಸಿಗದ ಪುಟ ಅದರಲ್ಲಿ ಸಿಗುತ್ತದೆ. ಲೆನ್ಸ್ ಮಾರುವವರು ಬರೆದುಕೊಂಡ ಅಂಕಿ ಮಾತ್ರ ನಾನು ನಂಬುವುದಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಸುಮ್ನೆ ಎತ್ತಿ ಹಾಕಿರುತ್ತಾರೆ, ಹೆಸರಿನ ಕೊನೆಯ ಅಕ್ಷರ ಅಷ್ಟರಲ್ಲಿ ಬಿದ್ದುಹೋಗಿರುತ್ತದೆ.

ಕ್ಯಾಟಲಾಗ್ ಸಿಕ್ಕಿದರೂ ಅಂಕಿಯ ಪಕ್ಕದ ಸಣ್ಣ ಅಕ್ಷರ ಓದಬೇಕು. ಯಾವ ಅಪರ್ಚರ್‌ನಲ್ಲಿ? ಎಷ್ಟು ದೂರಕ್ಕೆ? ಸಾಮಾನ್ಯವಾಗಿ ಎಫ್ 22, ಇನ್‌ಫಿನಿಟಿ ಫೋಕಸ್, ಅಂದರೆ ಬಹಳ ದೂರದ ವಸ್ತುವಿಗೆ. ಪ್ರೋಸೆಸ್ ಲೆನ್ಸಿನ ಕಥೆ ಬೇರೆ, ಅದನ್ನು ಮಾಡಿರುವುದೇ ಇದ್ದಷ್ಟೇ ಗಾತ್ರದಲ್ಲಿ ನಕಲು ತೆಗೆಯಲಿಕ್ಕೆ. 1:1ರಲ್ಲಿ ಇಮೇಜ್ ಸರ್ಕಲ್ ಇನ್‌ಫಿನಿಟಿಯ ಎರಡರಷ್ಟಾಗುತ್ತದೆ. ಒಬ್ಬರು 600 ಅಂದು ಇನ್ನೊಬ್ಬರು 300 ಅಂದರೆ ಇಬ್ಬರೂ ಸರಿ ಇರಬಹುದು. ನನ್ನ ಜಿ-ಕ್ಲಾರಾನ್‌ಗೆ ಕಂಪನಿ ಕೊಟ್ಟ ಕೋನ, ಅಂದರೆ ಲೆನ್ಸ್ ಆವರಿಸುವ ದೃಶ್ಯದ ಅಗಲ, 64 ಡಿಗ್ರಿ. ಫೋಕಲ್ ಲೆಂತ್‌ನ ಎರಡರಷ್ಟನ್ನು ಅರ್ಧ ಕೋನದ ಟ್ಯಾನ್‌ನಿಂದ ಗುಣಿಸಿದರೆ ಸರ್ಕಲ್ ಬರುತ್ತದೆ, ಇಲ್ಲಿ ಸುಮಾರು 300 ಮಿ.ಮೀ. 4×5 ಫಿಲ್ಮಿನ ಕರ್ಣ ಸುಮಾರು 154, 8×10ರದ್ದು ಸುಮಾರು 312. ಕಾಗದದ ಪ್ರಕಾರ 4×5ಕ್ಕೆ ಬೇಕಾದಷ್ಟಾಯಿತು, 8×10ಕ್ಕೆ ಕೂದಲೆಳೆಯಲ್ಲಿ ತಪ್ಪಿತು.

ಕರ್ಣಕ್ಕೆ ಸಮ ಇದ್ದರೆ ಸಾಕು ಅನ್ನುವ ಹಾಗೂ ಇಲ್ಲ. ಷ್ನೈಡರ್‌ನ ಹಳೆ 90 ಮಿ.ಮೀ. ಎಫ್ 6.8 ಆಂಗ್ಯುಲಾನ್‌ನ ಸರ್ಕಲ್ 154. 4×5 ತುಂಬುತ್ತದೆ, ಆದರೆ ಎತ್ತರದ್ದನ್ನು ಕ್ಯಾಮೆರಾ ಓರೆ ಮಾಡದೆ ಹಿಡಿಯಲು ಲೆನ್ಸನ್ನು ಒಂದು ಚೂರು ಮೇಲೆತ್ತಿದರೆ ಮೂಲೆ ಕಪ್ಪು. 210ರ ಸರ್ಕಲ್ ಇದ್ದರೆ ಫಿಲ್ಮ್ ಅಡ್ಡ ಇಟ್ಟು ಸುಮಾರು 38 ಮಿ.ಮೀ. ಮೇಲೆತ್ತಬಹುದು. ಕಟ್ಟಡ, ದೇವಸ್ಥಾನದ ಗೋಪುರ ತೆಗೆಯುವವರಿಗೆ ಈ ವ್ಯತ್ಯಾಸವೇ ಎಲ್ಲ.

ಯಾವ ಕಾಗದವೂ ಸಿಗದಿದ್ದರೆ? ಆಗ ಟಾರ್ಚ್. ಕತ್ತಲೆ ಕೋಣೆಯಲ್ಲಿ ಲೆನ್ಸಿನ ಮುಂದಿನ ಭಾಗವನ್ನು ಮಾತ್ರ ಬಿಚ್ಚಿ ಹಿಡಿದು, ಟಾರ್ಚಿನ ಬೆಳಕು ಓರೆಯಾಗಿ ಬಿಡಿ. ಗಾಜಿನೊಳಗೆ ಸಾಲಾಗಿ ಬೆಳಕಿನ ಚುಕ್ಕಿ ಕಾಣುತ್ತವೆ. ಗಾಳಿ ಮತ್ತು ಗಾಜು ಸೇರುವ ಮೇಲ್ಮೈ ಒಂದೊಂದೂ ಹೊಳೆಯುವ ಚುಕ್ಕಿ ಕೊಡುತ್ತದೆ, ಎರಡು ಗಾಜು ಅಂಟಿಸಿದ ಜಾಗ ಮಂಕು ಚುಕ್ಕಿ. ಟಾರ್ಚ್ ಸ್ವಲ್ಪ ಅಲುಗಿಸಿದರೆ ಕೆಲವು ಅದೇ ಕಡೆಗೂ ಕೆಲವು ಎದುರು ಕಡೆಗೂ ಓಡುತ್ತವೆ, ಎಣಿಸುವುದು ಸುಲಭ. ಗಾಜು ಜೋಡಿಸಿದ ರೀತಿಗೆ ಒಂದೊಂದು ಜಾತಿಯ ಹೆಸರಿದೆ: ನಾಲ್ಕು ಹೊಳೆಯುವ ಚುಕ್ಕಿ, ಒಂದು ಮಂಕು ಇದ್ದರೆ ಪ್ಲಾಸ್ಮಾಟ್. ನಾಲ್ಕೂ ಹೊಳೆಯುತ್ತಿದ್ದು ಮಂಕು ಇಲ್ಲದಿದ್ದರೆ ಡಯಲೈಟ್, ಅಪೋ-ರೋನಾರ್ ಮತ್ತು ರೆಡ್ ಡಾಟ್ ಆರ್ಟಾರ್ ಆ ಜಾತಿ. ಎರಡು ಹೊಳಪು, ಎರಡು ಮಂಕು ಆದರೆ ಡಾಗೋರ್ ತರದ್ದು. ಮುಂದಿನ ಭಾಗದಲ್ಲಿ ನಾಲ್ಕು ಹೊಳಪು, ಹಿಂದಿನದರಲ್ಲಿ ಎರಡು ಹೊಳಪು ಒಂದು ಮಂಕು ಬಂದರೆ ಟೆಸ್ಸಾರ್.

ಜಾತಿ ತಿಳಿದರೆ ಕೋನದ ಅಂದಾಜು ಸಿಗುತ್ತದೆ. ಅಪೋ-ರೋನಾರ್‌ನಂಥ ಡಯಲೈಟ್‌ಗೆ 48 ಡಿಗ್ರಿ ಆಸುಪಾಸು, ಟೆಸ್ಸಾರ್‌ಗೆ 55ರಿಂದ 60, ಸಾಮಾನ್ಯ ಪ್ಲಾಸ್ಮಾಟ್‌ಗೆ 70. ಒಂದೇ 300 ಮಿ.ಮೀ. ಲೆನ್ಸ್ ಅಪೋ-ರೋನಾರ್ ಆದರೆ ಸರ್ಕಲ್ 265ರ ಹತ್ತಿರ, ಪ್ಲಾಸ್ಮಾಟ್ ಆದರೆ 420ರ ಹತ್ತಿರ. ನನ್ನದರಲ್ಲಿ ನಾಲ್ಕು ಹೊಳಪು, ಒಂದು ಮಂಕು ಬಂತು. ಜಿ-ಕ್ಲಾರಾನ್‌ನ ಮೊದಮೊದಲ ಪ್ರತಿಗಳು ಡಾಗೋರ್ ತರದವು, ಹೆಸರು ಎರಡಕ್ಕೂ ಒಂದೇ, ಹಾಗಾಗಿ ಈ ಪರೀಕ್ಷೆ ಬೇಕಿತ್ತು.

ಆಮೇಲೆ ನಿಜವಾದ ಅಳತೆ. ಮಧ್ಯಾಹ್ನದ ಹೊತ್ತು ಮಲಗುವ ಕೋಣೆಯ ಕಿಟಕಿಗೆ ರಟ್ಟು ಅಂಟಿಸಿ, ಮಧ್ಯದ ತೂತಿಗೆ ಲೆನ್ಸ್ ಸಿಕ್ಕಿಸಿದೆ. ಎದುರಿಗೆ ಒಂದು ಮರದ ಫ್ರೇಮಿಗೆ ಬಿಗಿದ ಟ್ರೇಸಿಂಗ್ ಪೇಪರ್. ಫ್ರೇಮ್ ಹಿಂದೆ ಮುಂದೆ ಸರಿಸಿದಾಗ ದೂರದ ಮನೆಗಳ ಮೇಲಿನ ಕಪ್ಪು ನೀರಿನ ಟ್ಯಾಂಕುಗಳು ತಲೆಕೆಳಗಾಗಿ ಬಂದು ನಿಂತವು. ಎಫ್ 32ಕ್ಕೆ ಇಳಿಸಿ, ಕಣ್ಣು ಕತ್ತಲೆಗೆ ಹೊಂದುವ ತನಕ ಕಾದು, ಬೆಳಕಿನ ವೃತ್ತದ ಅಂಚಿಗೆ ಪೆನ್ಸಿಲ್ ಗುರುತು ಹಾಕಿ ಟೇಪಿನಲ್ಲಿ ಅಳೆದೆ. ಅಂಚು ನೋಡುವಾಗ ತಲೆಯನ್ನೂ ಆ ಕಡೆಗೆ ವಾಲಿಸಬೇಕು, ನೇರ ನಿಂತು ನೋಡಿದರೆ ಅಂಚು ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ. ಬೆಳಕು 8×10ರ ಕರ್ಣವನ್ನು ಆರಾಮಾಗಿ ದಾಟಿತ್ತು. ಬೆಳಕು ಇರುವ ವೃತ್ತ ಬೇರೆ, ಚೂಪಾಗಿ ಇರುವ ವೃತ್ತ ಬೇರೆ, ಅದಕ್ಕೆ ಅದೇ ಜಾಗಕ್ಕೆ ಗ್ರೌಂಡ್ ಗ್ಲಾಸ್ (ಫೋಕಸ್ ನೋಡುವ ಮಸುಕು ಗಾಜು) ಹಿಡಿದು ಲೂಪ್‌ನಲ್ಲಿ, ಅಂದರೆ ಭೂತಗನ್ನಡಿಯಲ್ಲಿ, ಟ್ಯಾಂಕಿನ ಪೈಪು ನೋಡುತ್ತ ಹೊರಕ್ಕೆ ಸರಿದೆ. ಕಂಪನಿ ಹೇಳಿದ 300ರ ಆಚೆಗೂ ಪೈಪು ಸ್ಪಷ್ಟ ಇತ್ತು, ಅಲ್ಲಿಂದ ನಿಧಾನಕ್ಕೆ ಮೆತ್ತಗಾಯಿತು. ಕಂಪನಿಯವರು ಮುದ್ರಣದ ಕೆಲಸಕ್ಕೆ ಬೇಕಾದ ಬಿಗಿ ಲೆಕ್ಕ ಕೊಟ್ಟಿದ್ದರು, 8×10 ನೆಗೆಟಿವನ್ನು ದೊಡ್ಡದು ಮಾಡದೆ ಹಾಗೇ ಕಾಂಟ್ಯಾಕ್ಟ್ ಪ್ರಿಂಟ್ ಹಾಕುವವರಿಗೆ ಅಷ್ಟು ಬಿಗಿ ಬೇಕಿಲ್ಲ.

ಶಟರಿನ ವಿಷಯ ಬೇಗ ಮುಗಿಯುತ್ತದೆ, ಯಾಕೆಂದರೆ ಕೊಪಾಲ್ ಅನ್ನುವ ಶಟರುಗಳ ಅಳತೆಗಳು ಎಲ್ಲರಿಗೂ ಒಂದೇ, 0, 1, 3 ಅನ್ನುವುದು ಅವುಗಳ ಸೈಜು. ಬೋರ್ಡಿನ ತೂತು ಕೊಪಾಲ್ 0ಗೆ 34.6 ಮಿ.ಮೀ., 1ಕ್ಕೆ 41.6, 3ಕ್ಕೆ 65. ಕೊಪಾಲ್ 1ರ ಮುಂದಿನ ಥ್ರೆಡ್ 40 ಮಿ.ಮೀ., ಹಿಂದಿನದು 36, ಪಿಚ್, ಅಂದರೆ ಥ್ರೆಡ್ಡಿನ ಗೆರೆಗಳ ನಡುವಿನ ಅಂತರ, ಎರಡಕ್ಕೂ 0.75. ನಾನು ಬ್ಯಾರಲ್‌ನಿಂದ ಎರಡೂ ಭಾಗ ಬಿಚ್ಚಿ ವರ್ನಿಯರ್ ಹಿಡಿದೆ, 3 ಮಿ.ಮೀ.ನಲ್ಲಿ ನಾಲ್ಕು ಗೆರೆ ಎಣಿಸಿದೆ, ಕೊಪಾಲ್ 1ಕ್ಕೆ ಬೆಣ್ಣೆಯಂತೆ ಕೂತಿತು. ಎಲ್ಲ ಬ್ಯಾರಲ್ ಲೆನ್ಸೂ ಹೀಗೆ ಒಪ್ಪುವುದಿಲ್ಲ. ಥ್ರೆಡ್ ಕೂತರೂ ಎರಡು ಭಾಗಗಳ ನಡುವಿನ ಅಂತರ ಬ್ಯಾರಲ್‌ನಲ್ಲಿ ಇದ್ದಷ್ಟೇ ಇರಬೇಕು, ಅದನ್ನು ಬಿಚ್ಚುವ ಮೊದಲೇ ಅಳೆದು ಬರೆದಿಡಿ. ಲೇತ್‌ನವರಿಗೆ ಕೊಡುವುದಾದರೆ ಅವರು ಮೊದಲು ಕೇಳುವುದೂ ಅದನ್ನೇ.

ಶಟರಿಗೆ ಹಾಕಿದ ಮೇಲೆ ಹಳೆ ಅಪರ್ಚರ್ ಸ್ಕೇಲ್ ಕೆಲಸಕ್ಕೆ ಬರುವುದಿಲ್ಲ. ಮುಂದಿನಿಂದ ಗಾಜಿನ ಮೂಲಕ ಕಾಣುವ ತೂತಿನ ಅಗಲ ನೋಡಿ ಹೊಸದು ಮಾಡಿದೆ. 240ನ್ನು 22ರಿಂದ ಭಾಗಿಸಿದರೆ 10.9 ಮಿ.ಮೀ., ಅಷ್ಟು ಕಂಡಲ್ಲಿ ಎಫ್ 22 ಅಂತ ಗುರುತು. 32ಕ್ಕೆ 7.5. ಫೋಕಲ್ ಲೆಂತ್ ಮೇಲೇ ಅನುಮಾನ ಇದ್ದರೆ, ಹಳೆ ಲೆನ್ಸುಗಳಲ್ಲಿ ಇಂಚಿನ ಅಂಕಿಗಳು ಬಹಳ ಸಲ ಅಂದಾಜಿನವು, ಅದನ್ನೂ ಕ್ಯಾಮೆರಾದಲ್ಲೇ ಅಳೆಯಬಹುದು. ಇನ್‌ಫಿನಿಟಿಗೆ ಫೋಕಸ್ ಮಾಡಿ ಬೆಡ್ ಮೇಲೆ ಗುರುತು ಹಾಕಿ, ಆಮೇಲೆ ಮುಂದೆ ಒಂದು ಸ್ಕೇಲ್ ಇಟ್ಟು ಗ್ರೌಂಡ್ ಗ್ಲಾಸ್ ಮೇಲೆ ಅದು ಇದ್ದಷ್ಟೇ ಉದ್ದ ಕಾಣುವ ತನಕ ಬೆಲ್ಲೋಸ್ ಎಳೆಯಿರಿ. ಎರಡು ಗುರುತಿನ ನಡುವಿನ ದೂರವೇ ಫೋಕಲ್ ಲೆಂತ್. ಟೆಲಿ ಲೆನ್ಸಿಗೂ ಇದೇ ಲೆಕ್ಕ ಬರುತ್ತದೆ, ಆದರೆ ಅದರ ಫ್ಲಾಂಜ್ ದೂರ (ಲೆನ್ಸ್ ಬೋರ್ಡಿನಿಂದ ಫಿಲ್ಮಿಗೆ ಇರುವ ದೂರ) ಬೇರೆ: ನಿಕಾನ್‌ನ ನಿಕ್ಕೋರ್-ಟಿ 360ಕ್ಕೆ ಇನ್‌ಫಿನಿಟಿಯಲ್ಲಿ ಬೇಕಾಗುವುದು 261 ಮಿ.ಮೀ. ಬೆಲ್ಲೋಸ್ ಅಷ್ಟೇ, ಸಣ್ಣ ಫೀಲ್ಡ್ ಕ್ಯಾಮೆರಾದವರು ಅದಕ್ಕೇ ಅದನ್ನು ಹುಡುಕುವುದು.

ದೂರದಿಂದ ತರಿಸುವಾಗ ಇಷ್ಟೆಲ್ಲ ನೋಡಲಾಗುವುದಿಲ್ಲ. ಮಾರುವವರನ್ನು ನಾನು ಮೂರು ಫೋಟೋ ಕೇಳುತ್ತೇನೆ: ಉಂಗುರದ ಬರಹ ಪೂರ್ತಿ ಕಾಣುವಂತೆ ಒಂದು, ಹಿಂದಿನ ಥ್ರೆಡ್ ಮೇಲೆ ವರ್ನಿಯರ್ ಇಟ್ಟು ಒಂದು, ಗಾಜಿನೊಳಗೆ ಟಾರ್ಚ್ ಬಿಟ್ಟು ಒಂದು. ಮೂರನೆಯದು ಫಂಗಸ್ ನೋಡಲಿಕ್ಕೆ ಅಂತ ಅವರು ಅಂದುಕೊಳ್ಳುತ್ತಾರೆ. ಅದಕ್ಕೂ ಆಗುತ್ತದೆ, ನಾನು ಚುಕ್ಕಿ ಎಣಿಸುತ್ತಿರುತ್ತೇನೆ.