ರ‍್ಯಾಕ್‌ಗೆ ರೂಟರ್ ಕೂರಿಸುವುದು: ಅಳತೆಯಿಂದ ಮೊದಲ ರೀಬೂಟ್‌ವರೆಗೆ

ರೂಟರ್ ಒಮ್ಮೆ ರ‍್ಯಾಕ್ (ಸಾಧನಗಳನ್ನು ಒಂದರ ಮೇಲೊಂದು ಕೂರಿಸುವ ಲೋಹದ ಚೌಕಟ್ಟು) ಸೇರಿತೆಂದರೆ ವರ್ಷಗಟ್ಟಲೆ ಅದನ್ನು ಯಾರೂ ಅಲ್ಲಾಡಿಸುವುದಿಲ್ಲ. ಆಮೇಲೆ ಅದಕ್ಕೆ ಕೈ ಹಾಕುವವರು ಏನೋ ಕೆಟ್ಟಾಗ, ಅವಸರದಲ್ಲಿ, ಎಷ್ಟೋ ಸಲ ನಡುರಾತ್ರಿ ಬಂದವರು. ಅವರಿಗೆ ಫ್ಯಾನ್ ಎಳೆಯಲು ಕೇಬಲ್ ಅಡ್ಡ ಬರಬಾರದು, ಒಂದು ಪವರ್ ಸಪ್ಲೈ ತೆಗೆದರೆ ಇನ್ನೊಂದು ಹೊರೆ ಹೊರಬೇಕು, ಲೇಬಲ್ ಓದಿದರೆ ಯಾವ ಕೇಬಲ್ ಕೀಳಬೇಕೆಂದು ಗೊತ್ತಾಗಬೇಕು. ಕೂರಿಸುವ ಕೆಲಸದ ಪ್ರತಿ ಹಂತದಲ್ಲೂ ಈ ಮನುಷ್ಯನನ್ನು ನೆನಪಿಟ್ಟುಕೊಳ್ಳಿ.

ಪೆಟ್ಟಿಗೆ ಒಡೆಯುವ ಮೊದಲು ಅಳತೆ

19 ಇಂಚಿನ ರ‍್ಯಾಕ್ ಎಂದರೆ ಮುಂಭಾಗದ ಪ್ಯಾನೆಲ್‌ನ ಅಗಲ 482.6 ಮಿ.ಮೀ. ಎತ್ತರವನ್ನು ‘ಯು’ ಲೆಕ್ಕದಲ್ಲಿ ಅಳೆಯುತ್ತಾರೆ. 1 ಯು ಅಂದರೆ 44.45 ಮಿ.ಮೀ. ಒಂದೊಂದು ಯುಗೆ ಮೂರು ತೂತು. ತೂತುಗಳ ಅಂತರ ಸಮವಾಗಿಲ್ಲ: 15.9, 15.9, ಆಮೇಲೆ 12.7 ಮಿ.ಮೀ., ಮತ್ತೆ ಇದೇ ಕ್ರಮ. ಎರಡು ತೂತು ತೀರಾ ಹತ್ತಿರ ಇರುವ ಆ 12.7 ಮಿ.ಮೀ. ಸಂದಿನ ನಡುವೆಯೇ ಒಂದು ಯು ಮುಗಿದು ಇನ್ನೊಂದು ಶುರುವಾಗುತ್ತದೆ. ಇದನ್ನು ನೋಡದೆ ಒಂದು ತೂತು ಹೆಚ್ಚು ಕಡಿಮೆ ಮಾಡಿ ನಟ್ ಹಾಕಿದರೆ ಒಂದೋ ಬ್ರಾಕೆಟ್‌ನ ತೂತು ಕೂಡುವುದಿಲ್ಲ, ಇಲ್ಲವೇ ರೂಟರ್ ಪಕ್ಕದ ಯುವಿನ ಜಾಗವನ್ನೂ ಸ್ವಲ್ಪ ತಿಂದು ಅಲ್ಲಿ ಮತ್ತೇನೂ ಕೂರದಂತೆ ಮಾಡುತ್ತದೆ. ಕಂಬಗಳ ಮೇಲೆ ಯು ಸಂಖ್ಯೆ ಅಚ್ಚಾಗಿರದಿದ್ದರೆ ಮಾರ್ಕರ್‌ನಿಂದ ಎಡಕ್ಕೂ ಬಲಕ್ಕೂ, ಹಿಂದಕ್ಕೂ ಮುಂದಕ್ಕೂ ಗುರುತು ಹಾಕಿಕೊಳ್ಳಿ.

ಆಳವನ್ನೂ ಅಳೆಯಿರಿ. ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಎಷ್ಟಿದೆ, ರೂಟರನ್ನು ಹೊರುವ ರೈಲ್ ಕಿಟ್ ಎಷ್ಟರಿಂದ ಎಷ್ಟರವರೆಗೆ ಹಿಗ್ಗುತ್ತದೆ ಎಂಬುದು ಹೊಂದಬೇಕು. ರೂಟರ್‌ನ ಹಿಂದೆ ಪ್ಲಗ್ ಮತ್ತು ಕೇಬಲ್ ತಿರುಗಲು 10ರಿಂದ 15 ಸೆಂ.ಮೀ. ಬಿಡಿ. ಮುಂದಿನ ಬಾಗಿಲು ಮತ್ತು ಪೋರ್ಟ್‌ಗಳ ನಡುವೆಯೂ ಜಾಗ ಬೇಕು. ಬಾಗಿಲು ಹಾಕಿದಾಗ ಫೈಬರ್ (ಬೆಳಕಿನ ರೂಪದಲ್ಲಿ ಡೇಟಾ ಸಾಗಿಸುವ ಗಾಜಿನ ಎಳೆಯ ಕೇಬಲ್) ಮಡಚಿಕೊಂಡರೆ ಲಿಂಕ್ ಆಗಾಗ ಬೀಳುತ್ತದೆ. ಬಾಗಿಲು ತೆರೆದು ಹುಡುಕುವವರ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಬಾಗಿಲು ತೆಗೆದ ಕ್ಷಣ ಫೈಬರ್ ನೆಟ್ಟಗಾಗಿರುತ್ತದೆ.

ಮೂರನೆಯದು ಗಾಳಿ. ಕೆಲವು ರೂಟರ್‌ಗಳು ಪೋರ್ಟ್ ಇರುವ ಕಡೆಯಿಂದ ತಣ್ಣಗಿನ ಗಾಳಿ ಎಳೆದುಕೊಂಡು ಹಿಂದೆ ಬಿಡುತ್ತವೆ, ಕೆಲವು ಅದಕ್ಕೆ ತದ್ವಿರುದ್ಧ, ಇನ್ನು ಕೆಲವು ಪಕ್ಕದಿಂದ ಪಕ್ಕಕ್ಕೆ. ಫ್ಯಾನ್ ಮತ್ತು ಪವರ್ ಸಪ್ಲೈ ಮಾಡ್ಯೂಲ್‌ಗಳ ಹಿಡಿಯ ಬಣ್ಣ ಅಥವಾ ಅವುಗಳ ಮೇಲಿನ ಬಾಣದ ಗುರುತು ನೋಡಿ, ರ‍್ಯಾಕ್‌ನಲ್ಲಿರುವ ಉಳಿದ ಸಾಧನಗಳ ದಿಕ್ಕಿಗೆ ಹೊಂದಿಸಿ. ಒಂದೇ ಪೆಟ್ಟಿಗೆಯಲ್ಲಿ ಫ್ಯಾನ್ ಒಂದು ದಿಕ್ಕು, ಪವರ್ ಸಪ್ಲೈ ಇನ್ನೊಂದು ದಿಕ್ಕು ಆದರೆ ಎರಡೂ ಒಂದರ ಕೆಲಸವನ್ನು ಇನ್ನೊಂದು ಹಾಳುಮಾಡುತ್ತವೆ. ಖಾಲಿ ಯುಗಳಿಗೆ ಬ್ಲ್ಯಾಂಕಿಂಗ್ ಪ್ಯಾನೆಲ್ (ಸಂದಿ ಮುಚ್ಚುವ ಖಾಲಿ ಫಲಕ) ಹಾಕಿ. ಇಲ್ಲದಿದ್ದರೆ ಹಿಂದಿನ ಬಿಸಿಗಾಳಿ ಆ ಸಂದಿಯಿಂದಲೇ ಸುತ್ತಿ ಮುಂದೆ ಬರುತ್ತದೆ. ಕೋಣೆಯ ಎಸಿ ತೋರಿಸುವ ತಾಪಮಾನವನ್ನು ನಂಬಬೇಡಿ, ರೂಟರ್ ಗಾಳಿ ಎಳೆಯುವ ಜಾಗದಲ್ಲೇ ಅಳೆಯಿರಿ. ಬಹಳಷ್ಟು ರೂಟರ್‌ಗಳ ಗರಿಷ್ಠ ಮಿತಿ 40 ಡಿಗ್ರಿ ಸೆಲ್ಸಿಯಸ್. ಅಲ್ಲಿಯವರೆಗೂ ಕಾಯಬೇಡಿ, 18ರಿಂದ 27ರೊಳಗೆ ಇಟ್ಟುಕೊಳ್ಳಿ.

ಭಾರ ಎತ್ತುವಾಗ

ರ‍್ಯಾಕ್ ನೆಲಕ್ಕೆ ಬೋಲ್ಟ್ ಆಗಿರಬೇಕು, ಇಲ್ಲವೇ ಸ್ಟೆಬಿಲೈಸರ್ ಕಾಲು ಹೊರಗೆ ಚಾಚಿರಬೇಕು. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಖಾಲಿ ರ‍್ಯಾಕ್ ಆದರೆ ಕೆಳಗಿನಿಂದಲೇ ತುಂಬಿಸುತ್ತಾ ಬನ್ನಿ. ಜಾರು ರೈಲ್ ಮೇಲಿರುವ ಸಾಧನಗಳಲ್ಲಿ ಒಂದು ಹೊತ್ತಿಗೆ ಒಂದನ್ನು ಮಾತ್ರ ಹೊರಗೆಳೆಯಿರಿ. ಎರಡು ಒಟ್ಟಿಗೆ ಮುಂದೆ ಬಂದರೆ ರ‍್ಯಾಕ್ ಮುಗ್ಗರಿಸಬಹುದು.

18 ಕೆ.ಜಿ. ಮೀರಿದರೆ ಇಬ್ಬರು ಎತ್ತಬೇಕು. ದೊಡ್ಡ ಚಾಸಿಗೆ (ರೂಟರ್‌ನ ಲೋಹದ ಪೆಟ್ಟಿಗೆಗೆ) ಲಿಫ್ಟ್ ಬೇಕು. ಎತ್ತುವ ಮೊದಲು ಪವರ್ ಸಪ್ಲೈ, ಫ್ಯಾನ್ ಟ್ರೇ, ಲೈನ್ ಕಾರ್ಡ್‌ಗಳನ್ನು (ಪೋರ್ಟ್‌ಗಳಿರುವ ಮಾಡ್ಯೂಲ್‌ಗಳನ್ನು) ಹೊರತೆಗೆದು ಹಗುರ ಮಾಡಿಕೊಳ್ಳಿ. ಪವರ್ ಸಪ್ಲೈನ ಹಿಡಿ ಹಿಡಿದು ಇಡೀ ಪೆಟ್ಟಿಗೆ ಎತ್ತಬಾರದು, ಅದು ಆ ಮಾಡ್ಯೂಲ್‌ನ ಭಾರಕ್ಕಷ್ಟೇ ಮಾಡಿದ್ದು. ಮಾಡ್ಯೂಲ್ ಮುಟ್ಟುವ ಮೊದಲು ಆಂಟಿಸ್ಟ್ಯಾಟಿಕ್ ಪಟ್ಟಿಯನ್ನು ಕೈಗೆ ಕಟ್ಟಿ, ಅದರ ಕ್ಲಿಪ್ಪನ್ನು ಬಣ್ಣವಿಲ್ಲದ ಲೋಹಕ್ಕೆ ಹಾಕಿ.

ಕೇಜ್ ನಟ್ ಮತ್ತು ಸ್ಕ್ರೂ

ಚೌಕ ತೂತಿನ ರ‍್ಯಾಕ್‌ಗೆ ಕೇಜ್ ನಟ್ (ಸ್ಪ್ರಿಂಗ್ ಚೌಕಟ್ಟಿನೊಳಗೆ ಕೂತ ನಟ್) ಬೇಕು. ಅದನ್ನು ಕಂಬದ ಒಳಗಡೆಯಿಂದ ಹಾಕಬೇಕು, ಅದರ ಎರಡು ಕಿವಿ ಎಡಕ್ಕೆ ಮತ್ತು ಬಲಕ್ಕೆ ಬರುವಂತೆ. ಮೊದಲು ಒಂದು ಕಿವಿಯನ್ನು ಚೌಕದ ಅಂಚಿಗೆ ಸಿಕ್ಕಿಸಿ, ಇನ್ನೊಂದನ್ನು ಕೇಜ್ ನಟ್ ಟೂಲ್‌ನ ಕೊಕ್ಕೆಯಿಂದ ಎಳೆಯಿರಿ, ಟಕ್ ಎಂದು ಕೂರುತ್ತದೆ. ಟೂಲ್ ಬದಲು ಸ್ಕ್ರೂಡ್ರೈವರ್ ಇಟ್ಟು ಒತ್ತಿದರೆ ಅದು ಜಾರಿ ಬೆರಳಿಗೆ ಹೋಗುತ್ತದೆ.

ಸ್ಕ್ರೂವಿನ ಥ್ರೆಡ್ ಬಗ್ಗೆ ಎಚ್ಚರ. ಎಂ6, 12-24, 10-32 ಎಲ್ಲವೂ ರ‍್ಯಾಕ್‌ಗಳಲ್ಲಿ ಇವೆ, ಕಣ್ಣಿಗೆ ಹೆಚ್ಚುಕಡಿಮೆ ಒಂದೇ ತರ ಕಾಣುತ್ತವೆ. ಎಂ6 ನಟ್‌ಗೆ 12-24 ಸ್ಕ್ರೂ ಹಾಕಿದರೆ ಎರಡು ಸುತ್ತು ಕೂಡಿದಂತೆ ಮಾಡಿ ಆಮೇಲೆ ಬಿಗಿಯುತ್ತದೆ. ಅಲ್ಲಿ ಪವರ್ ಡ್ರೈವರ್ ಒತ್ತಿದರೆ ಥ್ರೆಡ್ ಕಿತ್ತುಹೋಗಿ ಸ್ಕ್ರೂ ಅಲ್ಲೇ ಸುಮ್ಮನೆ ಸುತ್ತುತ್ತದೆ, ಮುಂದೆ ಅದನ್ನು ತೆಗೆಯಲು ಕತ್ತರಿಸಬೇಕಾಗುತ್ತದೆ. ಮೊದಲ ಮೂರು ಸುತ್ತು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ಬಾರದಿದ್ದರೆ ಅದು ಬೇರೆ ಥ್ರೆಡ್.

ಒಬ್ಬರು ರೂಟರನ್ನು ಸಮನಾಗಿ ಹಿಡಿದಿರಲಿ, ಇನ್ನೊಬ್ಬರು ಎರಡೂ ಕಡೆಯ ಕೆಳಗಿನ ಸ್ಕ್ರೂ ಮೊದಲು ಹಾಕಲಿ, ಆಮೇಲೆ ಮೇಲಿನವು. ಎಲ್ಲ ಸ್ಕ್ರೂ ಒಳಗೆ ಹೋದ ಮೇಲಷ್ಟೇ ಬಿಗಿಯಿರಿ. ಆಳವಾದ ರೂಟರನ್ನು ನಾಲ್ಕು ಕಂಬದ ರ‍್ಯಾಕ್‌ನಲ್ಲಿ ಮುಂದಿನ ಕಿವಿಗಳ (ಬ್ರಾಕೆಟ್‌ಗಳ) ಮೇಲಷ್ಟೇ ನೇತುಹಾಕಬಾರದು, ಹಿಂದಿನ ಬೆಂಬಲ ಕಡ್ಡಾಯ. ಇಲ್ಲದಿದ್ದರೆ ಬರಬರುತ್ತಾ ಹಿಂಬದಿ ಜೋತುಬಿದ್ದು ಕಿವಿ ಬಾಗುತ್ತದೆ, ರೂಟರ್ ಕೆಳಗಿನ ಸಾಧನದ ಮೇಲೆ ಕೂರುತ್ತದೆ.

ಅರ್ಥಿಂಗ್: ಮೊದಲು ಹಾಕಬೇಕು, ಕೊನೆಗೆ ತೆಗೆಯಬೇಕು

ಪವರ್ ಕಾರ್ಡ್‌ನಲ್ಲೇ ಅರ್ಥ್ ಪಿನ್ ಇದೆಯಲ್ಲ ಎಂದು ಚಾಸಿಯ ಅರ್ಥಿಂಗ್ ಬಿಡುವವರು ಹೆಚ್ಚು. ಕಾರ್ಡ್ ಕಿತ್ತರೆ ಆ ಅರ್ಥ್ ಹೋಯಿತು, ಆದರೆ ಹೊರಗಿನಿಂದ ಬಂದ ತಾಮ್ರದ ಕೇಬಲ್ ಇನ್ನೂ ಸಿಕ್ಕಿಕೊಂಡೇ ಇರುತ್ತದೆ. ಸಿಡಿಲು ಬಡಿದಾಗಲೋ ಬೇರೆ ಕಡೆಯ ದೋಷದಿಂದಲೋ ಅದರಲ್ಲಿ ಬಂದ ವೋಲ್ಟೇಜ್ ಚಾಸಿಯನ್ನು ಮುಟ್ಟಿದವರ ಮೂಲಕ ನೆಲಕ್ಕಿಳಿಯುತ್ತದೆ. ಆದ್ದರಿಂದ ಪವರ್‌ಗೂ ಮೊದಲು, ಡೇಟಾ ಕೇಬಲ್‌ಗೂ ಮೊದಲು ಅರ್ಥ್ ತಂತಿ. ಗುಡುಗು ಸಿಡಿಲು ಇರುವಾಗ ಕೇಬಲ್ ಜೋಡಿಸುವ ಕೆಲಸವೇ ಬೇಡ.

ತಂತಿಯ ದಪ್ಪವನ್ನು ತಯಾರಕರ ಕೈಪಿಡಿ ಹೇಳುತ್ತದೆ. ದೊಡ್ಡ ಚಾಸಿಗಳಿಗೆ ಸಾಮಾನ್ಯವಾಗಿ 16 ಚದರ ಮಿ.ಮೀ. ಆಸುಪಾಸಿನ ಹಸಿರು-ಹಳದಿ ತಾಮ್ರದ ತಂತಿ. ತುದಿಗೆ ಎರಡು ತೂತಿನ ಲಗ್ ಹಾಕಿ ಕ್ರಿಂಪ್ ಮಾಡಿ. ಒಂದೇ ತೂತಿನ ಲಗ್ ತಿರುಗಿ ಸಡಿಲವಾಗುತ್ತದೆ. ಲಗ್ ಕೂರುವ ಜಾಗದಲ್ಲಿ ರ‍್ಯಾಕ್‌ನ ಬಣ್ಣವನ್ನು ಕೆರೆದು ಲೋಹ ಹೊಳೆಯುವಂತೆ ಮಾಡಿ, ಆಂಟಿ ಆಕ್ಸಿಡೆಂಟ್ ಪೇಸ್ಟ್ ತೆಳ್ಳಗೆ ಸವರಿ, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಪೌಡರ್ ಕೋಟಿಂಗ್ ವಿದ್ಯುತ್ ಹಾಯಲು ಬಿಡುವುದಿಲ್ಲ. ಕೆರೆಯದೆ ಬಿಗಿದ ಲಗ್ ನೋಡಲು ಗಟ್ಟಿ, ಕೆಲಸಕ್ಕೆ ಬಾರದು. ಆಮೇಲೆ ಮಲ್ಟಿಮೀಟರ್‌ನ ಎರಡು ಪ್ರೋಬ್ ಮೊದಲು ಒಂದಕ್ಕೊಂದು ತಾಗಿಸಿ ಬರುವ ಅಂಕಿ ಬರೆದುಕೊಳ್ಳಿ, ನಂತರ ಚಾಸಿ ಮತ್ತು ಅರ್ಥ್ ಬಾರ್ ನಡುವೆ ಅಳೆಯಿರಿ. ಎರಡು ಅಂಕಿಗಳ ನಡುವೆ ವ್ಯತ್ಯಾಸ ಕಾಣಬಾರದಷ್ಟು ಕಡಿಮೆ ಇರಬೇಕು.

ಪವರ್

ಎರಡು ಪವರ್ ಸಪ್ಲೈ ಇದ್ದರೆ ಅವು ಎರಡು ಬೇರೆ ಪಿಡಿಯುಗೆ (ರ‍್ಯಾಕ್‌ನೊಳಗೆ ವಿದ್ಯುತ್ ಹಂಚುವ ಪಟ್ಟಿಗೆ), ಆ ಪಿಡಿಯುಗಳು ಬೇರೆ ಯುಪಿಎಸ್ ಅಥವಾ ಕನಿಷ್ಠ ಬೇರೆ ಬ್ರೇಕರ್‌ಗೆ ಹೋಗಬೇಕು. ಎರಡನ್ನೂ ಒಂದೇ ಪಿಡಿಯುಗೆ ಚುಚ್ಚಿದರೆ ಎರಡನೆಯದಕ್ಕೆ ಅರ್ಥವಿಲ್ಲ.

ಲೆಕ್ಕದಲ್ಲಿ ಇನ್ನೊಂದು ತಪ್ಪು ಆಗುತ್ತದೆ. ಎರಡೂ ಫೀಡ್ (ವಿದ್ಯುತ್ ಬರುವ ದಾರಿ) ಇರುವಾಗ ಹೊರೆ ಹಂಚಿಹೋಗಿ ಒಂದೊಂದರ ಮೇಲೆ, ಉದಾಹರಣೆಗೆ 16 ಆಂಪಿಯರ್ ಬ್ರೇಕರ್‌ನಲ್ಲಿ 9 ಆಂಪಿಯರ್ ಓಡುತ್ತಿದ್ದರೆ, ಎಲ್ಲ ಚೆನ್ನಾಗಿದೆ ಅನಿಸುತ್ತದೆ. ಒಂದು ಫೀಡ್ ಹೋದಾಗ 18 ಆಂಪಿಯರ್ ಒಂದರ ಮೇಲೇ ಬಿದ್ದು, ಸ್ವಲ್ಪ ಹೊತ್ತಿನಲ್ಲಿ ಅದೂ ಟ್ರಿಪ್ ಆಗಬಹುದು. ಆಗ ಇಡೀ ರ‍್ಯಾಕ್ ಕತ್ತಲು. ಬ್ರೇಕರ್ ರೇಟಿಂಗ್‌ನ ಶೇ. 40ಕ್ಕಿಂತ ಹೆಚ್ಚು ಒಂದು ಫೀಡ್ ಮೇಲೆ ಸಾಮಾನ್ಯ ದಿನದಲ್ಲಿ ಇರಬಾರದು. 16 ಆಂಪಿಯರ್‌ಗೆ ಅದು 6.4.

ಮೈನಸ್ 48 ವೋಲ್ಟ್ ಡಿಸಿ ಆದರೆ ಬ್ರೇಕರ್ ಆಫ್ ಮಾಡಿ, ಬೀಗ ಹಾಕಿ, ಟ್ಯಾಗ್ ಕಟ್ಟಿ, ಟರ್ಮಿನಲ್‌ನಲ್ಲಿ ವೋಲ್ಟೇಜ್ ಇಲ್ಲವೆಂದು ಮೀಟರ್‌ನಿಂದ ಖಚಿತಪಡಿಸಿಕೊಂಡ ನಂತರವೇ ಕೈ ಹಾಕಿ. ಈ ವ್ಯವಸ್ಥೆಯಲ್ಲಿ ಅರ್ಥ್ ಆಗಿರುವುದು ಪಾಸಿಟಿವ್. ತಂತಿಯ ಬಣ್ಣ ನೋಡಿ ಊಹಿಸಬೇಡಿ. ಜೋಡಿಸುವ ಮೊದಲು ತಂತಿಯ ಎರಡೂ ತುದಿ ಗುರುತಿಸಿ. ಕಟ್ಟಡದ ವೈರಿಂಗ್ ಮುಟ್ಟುವ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ದು.

ಕೇಬಲ್

ಫೈಬರ್‌ನ ಬಾಗುವಿಕೆಯ ತ್ರಿಜ್ಯ 30 ಮಿ.ಮೀ.ಗಿಂತ ಕಡಿಮೆ ಆಗದಿರಲಿ. ಕಟ್ಟಲು ವೆಲ್ಕ್ರೋ ಬಳಸಿ, ಪ್ಲಾಸ್ಟಿಕ್ ಟೈ ಬೇಡ. ಕನೆಕ್ಟರ್ ಹೊಸದಾದರೂ ಚುಚ್ಚುವ ಮೊದಲು ಕ್ಲೀನರ್‌ನಿಂದ ಒರೆಸಿ, ಎಸ್‌ಎಫ್‌ಪಿಯ (ಪೋರ್ಟ್‌ಗೆ ಸೇರಿಸುವ, ಫೈಬರ್ ಕೂರುವ ಆಪ್ಟಿಕ್ ಮಾಡ್ಯೂಲ್‌ನ) ಬಾಯನ್ನೂ. ಫೈಬರ್ ತುದಿಯೊಳಗೆ ಯಾವತ್ತೂ ಇಣುಕಬೇಡಿ: 1310 ಮತ್ತು 1550 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಹಾನಿ ಮಾಡಬಲ್ಲದು. 40 ಅಥವಾ 80 ಕಿ.ಮೀ. ದೂರಕ್ಕೆಂದು ಮಾಡಿದ ಆಪ್ಟಿಕ್‌ಗಳನ್ನು ಎರಡು ಮೀಟರ್ ಪ್ಯಾಚ್ ಕಾರ್ಡ್‌ನಿಂದ ಜೋಡಿಸಿ ಪರೀಕ್ಷಿಸುವುದಿದ್ದರೆ ನಡುವೆ ಬೆಳಕು ತಗ್ಗಿಸುವ ಅಟೆನ್ಯುಯೇಟರ್ ಬೇಕು, ಇಲ್ಲದಿದ್ದರೆ ರಿಸೀವರ್ ಕೆಡಬಹುದು.

ಕೇಬಲ್‌ಗಳನ್ನು ಫ್ಯಾನ್ ಮತ್ತು ಪವರ್ ಸಪ್ಲೈ ಎದುರು ಹಾಯಿಸಬೇಡಿ. ಪ್ರತಿ ಕೇಬಲ್‌ನ ಎರಡೂ ತುದಿಗೆ ಲೇಬಲ್, ಅದರಲ್ಲಿ ಈ ತುದಿ ಎಲ್ಲಿದೆ, ಆ ತುದಿ ಎಲ್ಲಿದೆ ಎಂಬ ಎರಡೂ ವಿವರ.

ಆನ್ ಮಾಡಿ, ಕನ್ಸೋಲ್‌ನಿಂದ ಒಳಹೊಕ್ಕು

ಡೇಟಾ ಕೇಬಲ್ ಚುಚ್ಚದೆ ಮೊದಲು ಕನ್ಸೋಲ್ (ಲ್ಯಾಪ್‌ಟಾಪ್‌ನಿಂದ ರೂಟರ್‌ಗೆ ನೇರವಾಗಿ ಆಜ್ಞೆ ಕೊಡುವ ಸಂಪರ್ಕ) ಮಾತ್ರ ಜೋಡಿಸಿ ಪವರ್ ಕೊಡಿ. ಫ್ಯಾನ್ ಜೋರಾಗಿ ತಿರುಗಿ ಆಮೇಲೆ ತಗ್ಗಬೇಕು. ಸಾಮಾನ್ಯ ಕನ್ಸೋಲ್ ಸೆಟ್ಟಿಂಗ್: ವೇಗ 9600, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1, ಫ್ಲೋ ಕಂಟ್ರೋಲ್ ಇಲ್ಲ. ಕೆಲವು ಮಾದರಿಗಳಲ್ಲಿ ವೇಗ 115200. ತೆರೆಯ ಮೇಲೆ ಅರ್ಥವಿಲ್ಲದ ಅಕ್ಷರ ಬಂದರೆ ವೇಗ ತಪ್ಪಿದೆ. ಅಕ್ಷರ ಸರಿಯಾಗಿ ಕಂಡು ಕೀಬೋರ್ಡ್ ಮಾತ್ರ ಕೆಲಸ ಮಾಡದಿದ್ದರೆ ಫ್ಲೋ ಕಂಟ್ರೋಲ್ ಆನ್ ಆಗಿ ಉಳಿದಿದೆ. ಆರ್‌ಜೆ-45 ಕನ್ಸೋಲ್ ಪೋರ್ಟ್ ಈಥರ್ನೆಟ್ ಪೋರ್ಟ್ ತರಹವೇ ಇರುತ್ತದೆ, ಅದಕ್ಕೆ ಪಿಒಇ (ಡೇಟಾ ಕೇಬಲ್‌ನಲ್ಲೇ ವಿದ್ಯುತ್ ಕೊಡುವ) ಸ್ವಿಚ್‌ನ ಕೇಬಲ್ ಹಾಕಬೇಡಿ.

ಸಾಫ್ಟ್‌ವೇರ್ ಹಳತಾಗಿದ್ದರೆ ಈಗಲೇ ಬದಲಿಸಿ. ಫೈಲಿನ ಹ್ಯಾಶ್ (ಫೈಲ್ ಬದಲಾಗಿಲ್ಲವೆಂದು ತಿಳಿಸುವ ಗುರುತಿನ ಸಂಖ್ಯೆ) ತಯಾರಕರು ಪ್ರಕಟಿಸಿದ್ದಕ್ಕೆ ಹೊಂದುತ್ತದೆಯೇ ಎಂದು ನೋಡಿಕೊಂಡೇ ಲೋಡ್ ಮಾಡಬೇಕು. ನಂತರ ಈ ಕ್ರಮದಲ್ಲಿ ಹೋಗಿ:

1. ಹೆಸರು ಕೊಡಿ. ಕಾರ್ಖಾನೆಯ ಬಳಕೆದಾರ ಹೆಸರು, ಪಾಸ್‌ವರ್ಡ್ ತೆಗೆದು ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಮಾಡಿ.
2. ಎಸ್‌ಎಸ್‌ಎಚ್ (ಗೂಢಲಿಪಿಯ ದೂರ ಲಾಗಿನ್) ಆವೃತ್ತಿ 2 ಆನ್, ಗೂಢಲಿಪಿಯಿಲ್ಲದ ಟೆಲ್ನೆಟ್ ಮತ್ತು ಎಚ್‌ಟಿಟಿಪಿ ಆಫ್. ಆರ್‌ಎಸ್‌ಎ ಕೀ 2048 ಬಿಟ್‌ಗಿಂತ ಕಡಿಮೆ ಬೇಡ.
3. ಮ್ಯಾನೇಜ್‌ಮೆಂಟ್ ಪೋರ್ಟ್‌ಗೆ ಪ್ರತ್ಯೇಕ ಜಾಲದ ವಿಳಾಸ ಕೊಟ್ಟು, ಯಾವ ಜಾಲದಿಂದ ಲಾಗಿನ್ ಆಗಬಹುದೆಂದು ನಿಯಮ ಹಾಕಿ.
4. ಎನ್‌ಟಿಪಿ (ಜಾಲದಿಂದ ಗಡಿಯಾರ ಹೊಂದಿಸುವುದು), ಆಮೇಲೆ ಸಿಸ್‌ಲಾಗ್ (ಲಾಗ್‌ಗಳನ್ನು ಬೇರೆ ಯಂತ್ರಕ್ಕೆ ಕಳಿಸುವುದು). ಗಡಿಯಾರ ತಪ್ಪಿದ್ದರೆ ಲಾಗ್‌ಗಳನ್ನು ಬೇರೆ ಸಾಧನದ ಲಾಗ್‌ಗಳ ಜೊತೆ ಹೋಲಿಸಲಾಗುವುದಿಲ್ಲ, ಸರ್ಟಿಫಿಕೇಟ್‌ಗಳೂ ಅಸಿಂಧು ಎನಿಸಿಕೊಳ್ಳುತ್ತವೆ.
5. ಬಳಸದ ಪೋರ್ಟ್‌ಗಳನ್ನು ಶಟ್‌ಡೌನ್ ಮಾಡಿ, ಬಳಸುವುದಕ್ಕೆ ವಿವರಣೆ ಬರೆಯಿರಿ. ಲೇಬಲ್ ಮೇಲಿನ ಬರಹವೇ ಇಲ್ಲಿಯೂ ಇರಲಿ.
6. ವಿಳಾಸ, ರೂಟಿಂಗ್, ಫೈರ್‌ವಾಲ್ ನಿಯಮ.

ಮೂರನೆಯ ಹಂತದಲ್ಲಿ ನಿಮ್ಮದೇ ಜಾಲವನ್ನು ನಿಯಮದಲ್ಲಿ ಸೇರಿಸಲು ಮರೆತರೆ ನೀವೇ ಹೊರಗುಳಿಯುತ್ತೀರಿ. ಕನ್ಸೋಲ್ ಎದುರಿದ್ದರೆ ತೊಂದರೆಯಿಲ್ಲ, ದೂರದಿಂದ ಮಾಡುವಾಗ ಸಮಯಮಿತಿಯ ಕಾವಲು ಇಟ್ಟುಕೊಳ್ಳಿ. ಜುನಿಪರ್‌ನ ‘ಕಮಿಟ್ ಕನ್‌ಫರ್ಮ್ಡ್’, ನೀವು ಮತ್ತೆ ಖಚಿತಪಡಿಸದಿದ್ದರೆ ಸಹಜವಾಗಿ 10 ನಿಮಿಷದಲ್ಲಿ ಹಳೆಯ ಸಂರಚನೆಗೆ (ಸೆಟ್ಟಿಂಗ್‌ಗಳಿಗೆ) ಹಿಂದಿರುಗುತ್ತದೆ. ಸಿಸ್ಕೊ ಐಒಎಸ್‌ನಲ್ಲಿ ‘ರೀಲೋಡ್ ಇನ್’ ಕೊಟ್ಟು ನಿಮಿಷ ಹೇಳಬಹುದು. ಸಂರಚನೆ ಉಳಿಸಲೇ ಎಂದು ಕೇಳಿದಾಗ ಬೇಡ ಎನ್ನಿ, ಇಲ್ಲದಿದ್ದರೆ ತಪ್ಪು ಸಂರಚನೆಯೇ ಉಳಿಯುತ್ತದೆ. ಎಲ್ಲ ಸರಿಹೋದರೆ ಆ ರೀಲೋಡ್ ರದ್ದು ಮಾಡುವುದನ್ನು ಮರೆಯಬೇಡಿ.

100 ಎಂಬಿಪಿಎಸ್ ತಾಮ್ರದ ಪೋರ್ಟ್‌ಗಳ ವೇಗವನ್ನೂ ಫುಲ್ ಡ್ಯುಪ್ಲೆಕ್ಸನ್ನೂ ಒಂದು ಕಡೆ ಕಟ್ಟಿಹಾಕಿ ಇನ್ನೊಂದು ಕಡೆ ಆಟೊ ಬಿಟ್ಟರೆ, ಆಟೊ ಇರುವ ಕಡೆ ಹಾಫ್ ಡ್ಯುಪ್ಲೆಕ್ಸ್‌ಗೆ (ಒಂದು ಹೊತ್ತಿಗೆ ಕಳಿಸುವುದು ಇಲ್ಲವೇ ಪಡೆಯುವುದು, ಒಂದೇ) ಇಳಿಯುತ್ತದೆ. ಪಿಂಗ್ ಹೋಗುತ್ತದೆ, ಫೈಲ್ ಕಳಿಸುವಾಗ ವೇಗ ಸಾಯುತ್ತದೆ. ಎರಡೂ ಕಡೆ ಆಟೊ ಇಡಿ.

ಟ್ರಾಫಿಕ್ ಹಾಯಿಸುವ ಮುನ್ನ

ಸಂರಚನೆ ಉಳಿಸಿ, ಅದರ ಪ್ರತಿಯನ್ನು ಬೇರೆ ಯಂತ್ರಕ್ಕೆ ಕಳಿಸಿ, ರೂಟರನ್ನು ರೀಬೂಟ್ ಮಾಡಿ. ಅನೇಕ ರೂಟರ್‌ಗಳಲ್ಲಿ ಓಡುತ್ತಿರುವ ಸಂರಚನೆ ಬೇರೆ, ಬೂಟ್ ಆಗುವಾಗ ಓದುವುದು ಬೇರೆ. ಉಳಿಸಿಲ್ಲವೆಂಬುದು ತಿಂಗಳುಗಳ ನಂತರ ಕರೆಂಟ್ ಹೋದಾಗ ಗೊತ್ತಾಗುವುದಕ್ಕಿಂತ ಇಂದೇ ಗೊತ್ತಾಗಲಿ. ನಂತರ ಒಂದು ಪವರ್ ಕಾರ್ಡ್ ಎಳೆದು, ರೂಟರ್ ನಿಲ್ಲದಿರುವುದನ್ನೂ ಸಿಸ್‌ಲಾಗ್‌ನಲ್ಲಿ ಎಚ್ಚರಿಕೆ ಬಂದಿರುವುದನ್ನೂ ನೋಡಿ, ಮರಳಿ ಚುಚ್ಚಿ, ಇನ್ನೊಂದನ್ನು ಎಳೆಯಿರಿ. ತುಂಡರಿಸಬಾರದೆಂಬ ಗುರುತಿನೊಂದಿಗೆ 1472 ಬೈಟ್‌ನ ಪಿಂಗ್ ಕಳಿಸಿ. ಹೆಡರ್‌ನ 28 ಬೈಟ್ ಸೇರಿ ಅದು 1500 ಆಗುತ್ತದೆ. ಹೋಗದಿದ್ದರೆ ದಾರಿಯಲ್ಲೆಲ್ಲೋ ಎಂಟಿಯು (ಒಂದೇ ಸಲಕ್ಕೆ ಹೋಗಬಲ್ಲ ಪ್ಯಾಕೆಟ್‌ನ ಗರಿಷ್ಠ ಗಾತ್ರ) ಕಡಿಮೆ ಇದೆ.

ಪ್ರತಿ ಆಪ್ಟಿಕ್ ಪಡೆಯುತ್ತಿರುವ ಬೆಳಕಿನ ಮಟ್ಟವನ್ನು ಡಿಬಿಎಂನಲ್ಲಿ (ಶಕ್ತಿಯ ಅಳತೆಯ ಘಟಕ) ಬರೆದಿಡಿ, ರ‍್ಯಾಕ್ ಬಾಗಿಲು ಮುಚ್ಚಿ ಮತ್ತೊಮ್ಮೆ ಓದಿ. ಎರಡು ಅಂಕಿಗಳ ನಡುವೆ 1 ಡಿಬಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬಾಗಿಲು ಯಾವುದೋ ಫೈಬರನ್ನು ಒತ್ತುತ್ತಿದೆ. ಎರರ್ ಕೌಂಟರ್‌ಗಳನ್ನು ಸೊನ್ನೆ ಮಾಡಿ, ಒಂದು ದಿನ ಟ್ರಾಫಿಕ್ ಓಡಿದ ಮೇಲೆ ತೆರೆದು ನೋಡಿ. ಸಿಆರ್‌ಸಿ ದೋಷಗಳು (ದಾರಿಯಲ್ಲಿ ಕೆಟ್ಟು ಬಂದ ಡೇಟಾದ ಎಣಿಕೆ) ಏರುತ್ತಿರುವ ಪೋರ್ಟ್ ಇದ್ದರೆ ಮೊದಲು ಕನೆಕ್ಟರ್ ಮತ್ತೆ ಒರೆಸಿ, ಆಮೇಲೆ ಪ್ಯಾಚ್ ಕಾರ್ಡ್ ಬದಲಿಸಿ, ಎಸ್‌ಎಫ್‌ಪಿ ಬದಲಿಸುವುದು ಕೊನೆಗೆ.