ರಾಕ್ ಶೋಗೆ ಗೆಳೆಯನ ಜೊತೆ ಹೋಗಿ, ಅವನ ಜೊತೆಗೇ ವಾಪಸ್ ಬರುವುದು ಹೇಗೆ?

2011ರ ಅಕ್ಟೋಬರ್ 30, ಭಾನುವಾರ. ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಬ್ಯಾಂಡ್ ಮೆಟಾಲಿಕಾದ ಶೋ. ಎರಡು ದಿನ ಮೊದಲು ಗುರುಗ್ರಾಮದಲ್ಲಿ ಆಗಬೇಕಿದ್ದ ಅವರ ಶೋ ನಡೆದೇ ಇರಲಿಲ್ಲ. ಹಾಗಾಗಿ ಗಿಟಾರ್ ಸದ್ದು ಕಿವಿಗೆ ಬೀಳುವವರೆಗೂ ನಮಗೆ ಧೈರ್ಯವಿರಲಿಲ್ಲ. ಹುಬ್ಬಳ್ಳಿಯಿಂದ ರಾತ್ರಿ ರೈಲು ಹತ್ತಿ ಬಂದಿದ್ದ ಗೆಳೆಯನೂ ನಾನೂ ಒಟ್ಟಿಗೇ ಒಳಗೆ ಹೋದೆವು. ಎರಡನೇ ಹಾಡಿನ ಹೊತ್ತಿಗೆ ಅವನೆಲ್ಲೋ, ನಾನೆಲ್ಲೋ. ಮತ್ತೆ ಸಿಕ್ಕಿದ್ದು ರಾತ್ರಿ ಹನ್ನೊಂದೂವರೆಗೆ, ಮೇಖ್ರಿ ಸರ್ಕಲ್ ಹತ್ತಿರ ಒಂದು ಎಗ್ ರೈಸ್ ಗಾಡಿ ಮುಂದೆ. ಆ ದಿನದ ಎಡವಟ್ಟುಗಳಿಂದ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಟಿಕೆಟ್. ಇಬ್ಬರದ್ದನ್ನೂ ಒಬ್ಬರೇ ಬುಕ್ ಮಾಡಿ, ಒಂದೇ ದರ್ಜೆಯಲ್ಲಿ. ಒಬ್ಬನದು ಮುಂದಿನ ಫ್ಯಾನ್ ಪಿಟ್, ಇನ್ನೊಬ್ಬನದು ಹಿಂದಿನ ಅಗ್ಗದ ಜಾಗ ಅಂದರೆ ಮಧ್ಯೆ ಬೇಲಿ ಇರುತ್ತದೆ. ಟಿಕೆಟ್ ಜೊತೆ ಬರುವ ನಿಯಮಗಳನ್ನೂ ಓದಿ. ಪವರ್ ಬ್ಯಾಂಕ್, ನೀರಿನ ಬಾಟಲಿ ಬಿಡುತ್ತಾರಾ ಇಲ್ವಾ ಅಂತ ಅಲ್ಲೇ ಬರೆದಿರುತ್ತದೆ.

ಎಲ್ಲಿ ನಿಲ್ಲಬೇಕು ಅನ್ನುವುದನ್ನು ಮನೆಯಲ್ಲೇ ಜಗಳ ಆಡಿ ಮುಗಿಸಿ. ನನ್ನ ಗೆಳೆಯನದು ಒಂದೇ ಹಟ: ‘ಲೇ, ಮುಂದ ನಿಂತ್ರನ ಮಜಾ!’ ಮುಖ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ದೊಡ್ಡ ಸ್ಪೀಕರ್‌ಗಳು ವೇದಿಕೆಯ ಎರಡೂ ಪಕ್ಕ ಎತ್ತರದಲ್ಲಿ ತೂಗುತ್ತಿರುತ್ತವೆ. ತೀರಾ ಮುಂದೆ ನಿಂತರೆ ಅದರ ಸದ್ದು ತಲೆ ಮೇಲಿಂದ ಹಾದುಹೋಗುತ್ತದೆ. ಡ್ರಮ್ಸ್ ಎದೆಗೆ ಗುದ್ದುತ್ತದೆ, ಹಾಡುವವನ ಮಾತು ಮಾತ್ರ ಕೇಳುವುದಿಲ್ಲ. ಮೈದಾನದ ಮಧ್ಯೆ ಒಂದು ಟೆಂಟ್ ಇರುತ್ತದಲ್ಲ, ಸೌಂಡ್ ಮಿಕ್ಸ್ ಮಾಡುವವರು ಕೂರುವ ಜಾಗ? ಅವರು ತಮ್ಮ ಕಿವಿಗೆ ಸರಿ ಅನ್ನಿಸುವ ಹಾಗೆ ಸದ್ದು ಹದ ಮಾಡುತ್ತಾರೆ. ಅದರ ಎದುರಿಗೇ ನಿಂತುಬಿಡಿ. ಒಪ್ಪಂದ ಆಗದಿದ್ದರೆ ಬೇರೆ ಬೇರೆ ನಿಲ್ಲಿ, ಅದರಲ್ಲಿ ತಪ್ಪೇನಿಲ್ಲ. ಗೆಳೆತನ ಅಂದರೆ ಅಂಟಿಕೊಂಡೇ ಇರಬೇಕಾ?

ಇನ್ನು ಕಿವಿ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು ಅನ್ನುವುದು ತಜ್ಞರ ಲೆಕ್ಕ. ಅಲ್ಲಿಂದ 3 ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಮುಟ್ಟಿದರೆ ಬರೀ 15 ನಿಮಿಷ. ರಾಕ್ ಶೋ ಸುಲಭವಾಗಿ ಅಷ್ಟು ಮುಟ್ಟುತ್ತದೆ. ಫೋಮ್ ಇಯರ್‌ಪ್ಲಗ್ ತಗೊಳ್ಳಿ. ಸುಮ್ನೆ ತುರುಕಿದರೆ ಕೆಲಸ ಮಾಡುವುದಿಲ್ಲ. ಬೆರಳಲ್ಲಿ ಬತ್ತಿ ಹೊಸೆದ ಹಾಗೆ ತೆಳ್ಳಗೆ ಹೊಸೆಯಿರಿ. ಇನ್ನೊಂದು ಕೈಯಲ್ಲಿ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ಬಿಡಿ. ಅದು ಉಬ್ಬುವವರೆಗೆ ಬೆರಳು ಒತ್ತಿ ಹಿಡಿದಿರಿ. ನಾನು ಹಾಕಿಕೊಳ್ಳುವಾಗ ಗೆಳೆಯ ನಕ್ಕಿದ್ದ. ಸೋಮವಾರ ಇಡೀ ದಿನ ಅವನ ಕಿವಿಯಲ್ಲಿ ಕುಕ್ಕರ್ ಸೀಟಿ.

ಹೊಟ್ಟೆ ತುಂಬಿಸಿಕೊಂಡು ಹೋಗಿ. ಚಪ್ಪಲಿ ಬೇಡ, ಶೂ ಹಾಕಿ.

ಶೋ ಮುಗಿದ ಮೇಲೆ ಇಬ್ಬರೂ ಮತ್ತೆ ಸಿಗುವ ಜಾಗವನ್ನು ಒಳಗೆ ಹೋಗುವ ಮುಂಚೆಯೇ ಗೊತ್ತುಮಾಡಿ. ಸಾವಿರಾರು ಜನ ಒಂದೇ ಕಡೆ ಸೇರಿದಾಗ ಫೋನ್ ನೆಟ್‌ವರ್ಕ್ ಕೈಕೊಡುತ್ತದೆ. ‘ಗೇಟ್ ಹತ್ತಿರ’ ಅಂದರೆ ಸಾಲದು, ಗೇಟ್ ಹತ್ತಿರ ಎಲ್ಲರೂ ಇರುತ್ತಾರೆ. ಹೊರಗಿನ ಪೆಟ್ರೋಲ್ ಬಂಕೋ, ಬಸ್ ಸ್ಟಾಪೋ ಆಗಬೇಕು. ಶೋ ಮುಗಿದು ಅರ್ಧ ಗಂಟೆಗೆ ಅಲ್ಲಿರಬೇಕು ಅಂತ ಹೊತ್ತನ್ನೂ ಹೇಳಿಕೊಳ್ಳಿ. ನಾವು ಇದನ್ನೇ ಮರೆತದ್ದು.

ವಾಪಸ್ ಬರುವುದು ಕೊನೆಯ ಪರೀಕ್ಷೆ. ರಾತ್ರಿ 10ರ ನಂತರ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲವಾದ್ದರಿಂದ ಜನ ಎಲ್ಲ ಒಂದೇ ಹೊತ್ತಿಗೆ ಹೊರಗೆ ಬರುತ್ತಾರೆ, ಒಂದೇ ಹೊತ್ತಿಗೆ ಕ್ಯಾಬ್ ಬುಕ್ ಮಾಡುತ್ತಾರೆ. ಒಂದು ಕಿಲೋಮೀಟರ್ ನಡೆದು ಆಮೇಲೆ ಬುಕ್ ಮಾಡಿ. ಹತ್ತಿರ ಮೆಟ್ರೊ ಇದ್ದರೆ ಕೊನೆಯ ರೈಲಿನ ಹೊತ್ತು ನೋಡಿಟ್ಟುಕೊಳ್ಳಿ. 2011ರಲ್ಲಿ ನಮಗೆ ಆ ಭಾಗ್ಯ ಇರಲಿಲ್ಲ. ನಮ್ಮ ಮೆಟ್ರೊ ಶುರುವಾಗಿ ಹತ್ತೇ ದಿನ ಆಗಿತ್ತು, ಅದೂ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ ಮಾತ್ರ.

ನಡೆದೇ ಹೊರಟಾಗ ಗೆಳೆಯ ಕಂಡಿದ್ದು ಆ ಗಾಡಿ ಮುಂದೆ. ಟೀ ಶರ್ಟ್ ಹಿಂಡಿದರೆ ಬೆವರು ಸುರಿಯುವ ಹಾಗಿತ್ತು, ಗಂಟಲು ಪೂರ್ತಿ ಕಟ್ಟಿತ್ತು. ನನ್ನನ್ನು ನೋಡಿ ಗಾಡಿಯವನಿಗೆ ಎರಡು ಬೆರಳು ತೋರಿಸಿದ. ಒಂದು ಪ್ಲೇಟ್ ನನಗೆ ಅಂದುಕೊಂಡೆ. ಎರಡೂ ಅವನಿಗೇ.